ಕೊತ್ತಂಬರಿ ಕಟ್ಟಿಗೆ ನೂರು ಫಿಲ್ಸ್

ಆ ಭಾನುವಾರ ಠಾಣೆ ನಗರದ ಪಕ್ಕದ ಕಳವಾ ಊರಿನಲ್ಲಿ, ಚಿಕ್ಕಮ್ಮನ ಮನೆಯಲ್ಲಿ ನಾವು ನಾಲ್ಕು ಜನ ಇದ್ದೆವು. ಕುರ್ಚಿಯ ಮೇಲೆ ಚಿಕ್ಕಮ್ಮ, ಕಿಟಕಿಯ ಕೆಳಗೆ ಚಾಪೆ ಹಾಸಿ ಅಲಸಂಡೆ ಮುರಿಯುತ್ತಿದ್ದ ಚಿಕ್ಕಪ್ಪ, ಮಂಚದ ತುದಿಯಲ್ಲಿ ನಾನು ಮತ್ತು ನನ್ನ ಹೆಂಡತಿ. ಐದನೆಯದಾಗಿ ಕುವೈತ್ ದೇಶವೂ ಇತ್ತು ಅನ್ನಿ. ಚಿಕ್ಕಮ್ಮ ಕೂತಲ್ಲೆಲ್ಲ ಅದೂ ಬಂದು ಪಕ್ಕದಲ್ಲೇ ಕೂರುತ್ತದೆ!

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಚಿಕ್ಕಮ್ಮನಿಗೆ ರೂಪಾಯಿಯ ಮೇಲೆ ನಂಬಿಕೆಯಿಲ್ಲ. ದೇವರನ್ನು ನಂಬುತ್ತಾಳೆ, ಪಂಚಾಂಗವನ್ನು ನಂಬುತ್ತಾಳೆ, ಆದರೆ ರೂಪಾಯಿಯನ್ನು ಮಾತ್ರ ದಿನಾರಿಗೆ ತಿರುಗಿಸಿ ನೋಡದೆ ನಂಬುವುದಿಲ್ಲ. ಮೂರು ವರ್ಷ ಎಂದು ಹೇಳಿ ಕುವೈತಿಗೆ ನರ್ಸ್ ಆಗಿ ಹೋದವಳು ಹತ್ತೊಂಬತ್ತು ವರ್ಷ ಅಲ್ಲಿದ್ದು, ಕಳೆದ ವರ್ಷ ಗಂಟುಮೂಟೆ ಕಟ್ಟಿಕೊಂಡು ಬಂದಳು. ಅಷ್ಟು ವರ್ಷವೂ ಚಿಕ್ಕಪ್ಪ ಠಾಣೆಯ ಒಂದು ಹೋಟೆಲಿನ ಗಲ್ಲಾದಲ್ಲಿ ಕೂತು, ಒಬ್ಬಳೇ ಮಗಳನ್ನು ಬೆಳೆಸಿ, ಓದಿಸಿ, ಮದುವೆ ಮಾಡಿ ಘಣಸೋಲಿಗೆ ಕಳಿಸಿದ್ದರು.

ಬಂದ ಮರುದಿನವೇ ಚಿಕ್ಕಮ್ಮ ಕಳವಾ ಸ್ಟೇಷನ್ ಹೊರಗಿನ ತರಕಾರಿ ಬಜಾರಿಗೆ ಇಳಿದಳು. ಚೀಲ ಹಿಡಿಯಲು ನಾನು. ಒಂದು ಕಟ್ಟು ಕೊತ್ತಂಬರಿ ಎತ್ತಿ ಐದು ರೂಪಾಯಿ ಮುಂದೆ ಚಾಚಿದಳು. ಭಾಜಿವಾಲಾ ಆ ನಾಣ್ಯವನ್ನು ಪುರಾತನ ವಸ್ತುವಿನಂತೆ ತಿರುಗಿಸಿ ನೋಡಿದ.

"ಮಾವ್ಶೀ, ತೀಸ್ ರೂಪಯೆ."

"ಮೂವತ್ತಾ? ಅಂದ್ರೆ ನೂರು ಫಿಲ್ಸ್, ದಿನಾರಿನ ಹತ್ತರಲ್ಲಿ ಒಂದು ಪಾಲು! ಮಗಾ, ನೂರು ಫಿಲ್ಸಿಗೆ ಅಲ್ಲಿ ಹತ್ತು ಕುಬ್ಬೂಸ್ ಬರ್ತದೆ, ಇಷ್ಟಿಷ್ಟಗಲದ್ದು! ಇಡೀ ಮನೆ ಊಟ ಮಾಡ್ಬಹುದು!"

ಆ ರೊಟ್ಟಿಯ ಅಗಲವನ್ನು ನನಗೆ ತೋರಿಸಲು ಅವಳು ಕೈ ಬೀಸಿದ ರಭಸಕ್ಕೆ ಪಕ್ಕದ ಟೊಮೆಟೊ ರಾಶಿ ಕುಸಿಯಿತು. ಭಾಜಿವಾಲಾ ಟೊಮೆಟೊ ಆರಿಸುತ್ತಲೇ ಶಾಂತವಾಗಿ ಹೇಳಿದ: "ದಿನಾರ್ ದ್ಯಾ, ದಿನಾರ್ ಪಣ್ ಚಾಲ್ತೀಲ್." ದಿನಾರೇ ಕೊಡಿ, ಅದೂ ನಡೆಯುತ್ತದಂತೆ! ಮನೆಗೆ ಬಂದರೆ, ಈಚೆಗೆ ಬೆಲೆ ಏರಿದೆ ಎಂದು ಚಿಕ್ಕಪ್ಪ ಸಮಾಧಾನ ಮಾಡಿದರು.

ಕ್ಷೌರದ್ದು ಇನ್ನೊಂದು ಕತೆ. ಇಲ್ಲಿಯ ಕ್ಷೌರಿಕ ನೂರಿಪ್ಪತ್ತು ಕೇಳಿದನೆಂದು ಅವಳು ತಾನೇ ಕತ್ತರಿ ಹಿಡಿದು ಚಿಕ್ಕಪ್ಪನ ತಲೆಗೆ ಕೈಹಾಕಿದಳು. ಹತ್ತೊಂಬತ್ತು ವರ್ಷ ಬ್ಯಾಂಡೇಜ್ ಕತ್ತರಿಸಿದ ಕೈ ಅಲ್ಲವೇ? ತಲೆಯೂ ಬ್ಯಾಂಡೇಜಿನ ಹಾಗೇ ಚೌಕ ಚೌಕವಾಗಿ ಬಂತು. ಒಂದು ತಿಂಗಳು ಚಿಕ್ಕಪ್ಪ ಟೊಪ್ಪಿಗೆ ಹಾಕಿಕೊಂಡೇ ಗಲ್ಲಾದಲ್ಲಿ ಕೂತರು. ಮಾಲೀಕರು ಕೇಳಿದರೆ ನೆಗಡಿ ಎಂದರು.

ಎಲ್ಲಕ್ಕಿಂತ ದೊಡ್ಡದು ಎಸಿ ಲೋಕಲ್ ರೈಲಿನ ಪ್ರಕರಣ. ಕುವೈತಿನಲ್ಲಿ ಕರೆಂಟಿಗೆ ಬೆಲೆಯೇ ಇಲ್ಲವಂತೆ, ಇಪ್ಪತ್ತನಾಲ್ಕು ತಾಸೂ ಎಸಿ. ಇಲ್ಲಿಯ ಮೇ ತಿಂಗಳ ಸೆಕೆಗೆ ಚಿಕ್ಕಮ್ಮ ಬೆಂದು ಹೋದಳು. ಮನೆಗೆ ಎಸಿ ಹಾಕಿಸೋಣ ಎಂದರೆ ಬಿಲ್ಲಿನ ಅಂದಾಜನ್ನು ಫಿಲ್ಸಿಗೆ ತಿರುಗಿಸಿ ಬೆಚ್ಚಿಬಿದ್ದಳು. ಕೊನೆಗೆ ಅವಳೇ ಉಪಾಯ ಹುಡುಕಿದಳು. ಠಾಣೆಯಿಂದ ಕಲ್ಯಾಣಕ್ಕೆ ಎಸಿ ಲೋಕಲಿನ ತಿಂಗಳ ಪಾಸ್! ತಾಸಿನ ಲೆಕ್ಕದಲ್ಲಿ ಮನೆಯ ಎಸಿಗಿಂತ ಅದೇ ಅಗ್ಗ. ಮಧ್ಯಾಹ್ನ ಊಟ ಮುಗಿಸಿ, ಬಿಡಿಸಬೇಕಾದ ಬೆಳ್ಳುಳ್ಳಿ ಹಿಡಿದುಕೊಂಡು, ರಜೆಯ ದಿನ ಚಿಕ್ಕಪ್ಪನನ್ನೂ ಎಳೆದುಕೊಂಡು ಹೋಗಿ ಕೂತರೆ ಕಲ್ಯಾಣಕ್ಕೆ ಹೋಗುವುದು, ಠಾಣೆಗೆ ಬರುವುದು, ಪುನಃ ಕಲ್ಯಾಣಕ್ಕೆ ಹೋಗುವುದು. ಒಂದು ದಿನ ಟಿಸಿ ಪಾಸ್ ನೋಡಿ ಕೇಳಿದರಂತೆ.

"ಕಹಾಂ ಉತರ್‌ನಾ ಹೈ, ಆಂಟಿ?"

"ಉತರ್‌ನಾ ನಹೀಂ ಹೈ," ಎಂದಳಂತೆ ಚಿಕ್ಕಮ್ಮ. ಇಳಿಯುವುದೇ ಇಲ್ಲ!

ಕೇಳುವ ನಿಮಗೆ ನಗು ಬರುತ್ತದೆ. ನನಗೆ ಒಂದು ವರ್ಷದಲ್ಲಿ ಸುಸ್ತಾಗಿ ಹೋಗಿತ್ತು. ವಾರಕ್ಕೆ ಆರು ದಿನ ಡೊಂಬಿವಲಿಯಿಂದ ರೈಲಿನ ಬಾಗಿಲಲ್ಲಿ ನೇತಾಡಿಕೊಂಡು ಕೆಲಸಕ್ಕೆ ಹೋಗುವವನು ನಾನು. ಏಳನೆಯ ದಿನ ಇಲ್ಲಿಗೆ ಬಂದರೆ, ಒಂದು ಲೋಟ ಚಹಾ ಗಂಟಲಿಗೆ ಇಳಿಯುವ ಮೊದಲು ಹಾಲು, ಸಕ್ಕರೆ, ಗ್ಯಾಸು ಮೂರರ ದರವನ್ನೂ ಎರಡು ದೇಶಗಳಲ್ಲಿ ಕೇಳಬೇಕು. ಆ ಭಾನುವಾರವೂ ಶುರುವಾಗುವುದರಲ್ಲಿತ್ತು. ವಿಜಯಪುರದವಳಾದ ನನ್ನ ಹೆಂಡತಿ ಅಡ್ಡ ಬಾಯಿ ಹಾಕಿದಳು.

"ಚಿಕ್ಕಮ್ಮಾರ, ಚಾ ಆರಾಕತ್ತೈತಿ. ಮೊದಲ ಕುಡೀರಿ. ದಿನಾರ್ ಆಮ್ಯಾಲೆ ಮಾಡೂಣು."

ಬೇರೆ ದಿನವಾಗಿದ್ದರೆ ಚಿಕ್ಕಮ್ಮ ನಗುತ್ತಿದ್ದಳು. ಅಂದು ನಗಲಿಲ್ಲ.

"ಹಳೇ ಕ್ಲಿನಿಕ್ಕಿನಿಂದ ಫೋನ್ ಬಂದಿತ್ತು," ಎಂದಳು. "ಎರಡು ವರ್ಷಕ್ಕೆ ಬಾ ಅಂತ ಹೇಳ್ತಾರೆ. ಮಂಗಳವಾರ ವೀಸಾದ ಮೆಡಿಕಲ್ ಪರೀಕ್ಷೆ ಉಂಟು. ನೀನು ಕರ್ಕೊಂಡು ಹೋಗ್ಬೇಕು ಮಗಾ."

ಚಿಕ್ಕಪ್ಪನ ಕೈಯಲ್ಲಿದ್ದ ಅಲಸಂಡೆ ಮುರಿಯದೆ ಹಾಗೇ ಉಳಿಯಿತು. "ಪುನಃ ಹೋಗುದಾ?"

"ಹೋಗದೆ ಎಂತ ಮಾಡುದು? ತಂದ ದುಡ್ಡು ಇಪ್ಪತ್ತು ವರ್ಷಕ್ಕೆ ಸಾಕು ಅಂತ ಲೆಕ್ಕ ಹಾಕಿಯೇ ನಾನು ಬಂದದ್ದು. ಈಗ ನೋಡಿದ್ರೆ ಎಂಟು ವರ್ಷಕ್ಕೂ ಸಾಲುದಿಲ್ಲ. ಅಲ್ಲ ಮಾರಾಯ್ರೆ, ಸರಿಯಾಗಿ ನಾನು ಬಂದ ವರ್ಷವೇ ಬೆಲೆ ಇಷ್ಟು ಏರ್ಬೇಕಾ?"

"ಒಂದ ವರ್ಷದಾಗ ಎಲ್ಲಿ ಏರ್ಯಾವ್ರಿ?" ಎಂದಳು ನನ್ನ ಹೆಂಡತಿ, ಪಾಪ, ಏನೂ ಅರಿಯದೆ. "ನಾ ಮದುವಿ ಆಗಿ ಬಂದಾಗಿಂದ ಈ ಊರಾಗ ಐದು ರೂಪಾಯಿ ಕೊತ್ತಂಬರಿ ಕಂಡೇ ಇಲ್ಲ."

"ಮತ್ತೆ ಇವರು ಐದು ಅಂತ ಹೇಳ್ತಿದ್ರಲ್ಲ! ಪ್ರತಿ ಶುಕ್ರವಾರ ರಜೆಯ ದಿನ ಫೋನ್ ಮಾಡಿ ಒಂದೊಂದೂ ಕೇಳ್ತಿದ್ದೆ ನಾನು. ಕೊತ್ತಂಬರಿ ಐದು, ಈರುಳ್ಳಿ ಹದಿನೈದು, ಹಾಲು ಮೂವತ್ತು..." ಅವಳ ಮಾತು ನಿಧಾನವಾಯಿತು. "ಹೋಯ್, ಈಚೆ ನೋಡಿ."

ಚಿಕ್ಕಪ್ಪ ಈಚೆ ನೋಡಲಿಲ್ಲ. ಅಲಸಂಡೆಯ ಬುಟ್ಟಿಗೇ ಹೇಳಿದರು.

"ಮೊದಮೊದಲು ನಿಜವೇ ಹೇಳ್ತಿದ್ದೆ. ಗ್ಯಾಸ್ ಏರಿತು ಅಂದೆ, ನೀನು ಎರಡು ವರ್ಷ ಹೆಚ್ಚು ನಿಂತಿ. ಶಾಲೆ ಫೀಸ್ ಏರಿತು ಅಂದೆ, ಇನ್ನೆರಡು ವರ್ಷ. ಬಾಡಿಗೆ ಏರಿತು ಅಂದೆ, ಮತ್ತೆ ಎರಡು. ನಿಜ ಹೇಳ್ತಾ ಹೋದ್ರೆ ನೀನು ಬರುದೇ ಇಲ್ಲ ಅಂತ ಗೊತ್ತಾಯ್ತು. ಆಮೇಲೆ ನಾನು ಏರಿಸ್ಲಿಲ್ಲ."

ಏರಿಸಲಿಲ್ಲವಂತೆ! ಯಾವ ಸರಕಾರದಿಂದಲೂ ಆಗದ ಕೆಲಸವನ್ನು ನಮ್ಮ ಚಿಕ್ಕಪ್ಪ ಒಬ್ಬರೇ, ಫೋನಿನಲ್ಲಿ, ಹತ್ತು ವರ್ಷ ಮಾಡಿದ್ದರು. ನನಗೆ ಆಗ ಒಂದೊಂದೇ ಹೊಳೆಯತೊಡಗಿತು. ಎರಡು ವರ್ಷಕ್ಕೊಮ್ಮೆ ಚಿಕ್ಕಮ್ಮ ರಜೆಗೆ ಬಂದಾಗ ಅವರು ಅವಳನ್ನು ಬಜಾರಿನ ಕಡೆ ಸುಳಿಯಗೊಡುತ್ತಿರಲಿಲ್ಲ. "ದಣಿದು ಬಂದದ್ದು ನೀನು, ಕೂತ್ಕೋ" ಎಂದು ತಾವೇ ಚೀಲ ಹಿಡಿದು ಓಡುತ್ತಿದ್ದರು. ಎಂಥ ಗಂಡ ಎಂದು ನೆಂಟರೆಲ್ಲ ಹೊಗಳಿದ್ದೇ ಹೊಗಳಿದ್ದು! ಮೊಬೈಲು, ವಾಟ್ಸ್ಯಾಪು ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಆದರೆ ಚಿಕ್ಕಮ್ಮ ವಾಟ್ಸ್ಯಾಪಿನಲ್ಲಿ ಬಂದದ್ದನ್ನು ನಂಬುವವಳಲ್ಲ, ಗಂಡ ಹೇಳಿದ್ದನ್ನು ನಂಬುವವಳು.

"ಮತ್ತ ಮನಿ ಖರ್ಚಿಗೆ ಕಮ್ಮಿ ಬಿದ್ದ ರೊಕ್ಕ ಎಲ್ಲಿಂದ ತುಂಬಿದ್ರಿ?" ಎಂದು ಕೇಳಿದ ನನ್ನ ಹೆಂಡತಿ, ಕೇಳುತ್ತಲೇ ಉತ್ತರವನ್ನೂ ಕಂಡುಕೊಂಡಳು. "ಅದಕ್ಕ ನಾಕಕ್ಕ ಎದ್ದು ದೋಸಿ ಹಿಟ್ಟು ರುಬ್ಬಿ, ವರ್ತಕ ನಗರದಾಗ ಮನಿ ಮನಿಗೆ ಕೊಟ್ಟು ಬರ್ತಿದ್ರಿ! ನಿದ್ದಿ ಬರಂಗಿಲ್ಲ, ಟೈಮ್‌ಪಾಸ್ ಅಂತ ಹೇಳಿದ್ರಲ್ರಿ ನಮಗ?"

ಚಿಕ್ಕಪ್ಪ ಇನ್ನೊಂದು ಅಲಸಂಡೆ ಮುರಿದರು.

"ಸುಳ್ಳಾ! ಹತ್ತು ವರ್ಷ! ಪ್ರತಿ ಶುಕ್ರವಾರ!" ಚಿಕ್ಕಮ್ಮನ ದನಿ ಪಕ್ಕದ ಕೋಣೆಗೂ ಕೇಳುವಷ್ಟು ಏರಿತು. "ನಿಜ ಹೇಳಿದ್ದಿದ್ರೆ ಇನ್ನೊಂದು ಐದು ವರ್ಷ ಅಲ್ಲೇ ಇದ್ದು, ಎಲ್ಲ ಸರಿ ಮಾಡ್ಕೊಂಡು ಬರ್ತಿದ್ದೆ ಅಲ್ವಾ ನಾನು?"

"ಅದಕ್ಕೇ ಹೇಳ್ಲಿಲ್ಲ," ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಆರಿದ ಚಹಾ ಎತ್ತಿ ಕುಡಿದಳು. ಅವಳು ದರ ಹೇಳದೆ ಚಹಾ ಕುಡಿದದ್ದನ್ನು ನಾನು ಆ ಒಂದು ವರ್ಷದಲ್ಲಿ ಮೊದಲ ಸಲ ಕಂಡದ್ದು. ನಾವಿಬ್ಬರೂ ಮೆಲ್ಲಗೆ ಚಪ್ಪಲಿ ಮೆಟ್ಟಿಕೊಂಡು ಹೊರಟೆವು. ರೈಲಿನಲ್ಲಿ ನನ್ನ ಹೆಂಡತಿ ಒಂದೇ ಮಾತು ಕೇಳಿದಳು. "ರೀ, ಹೋಗ್ತಾರಂತೀರಿ?" ನನಗೆ ಗೊತ್ತಿರಲಿಲ್ಲ. ಲೆಕ್ಕ ಹಾಕಿದರೆ ಹೋಗಬೇಕಾದದ್ದೇ ಸರಿ. ಲೆಕ್ಕದಲ್ಲಿ ಚಿಕ್ಕಮ್ಮ ಎಂದೂ ತಪ್ಪಿದವಳಲ್ಲ.

ಮಂಗಳವಾರ ಸಾಹೇಬರ ಕೈಕಾಲು ಹಿಡಿದು ಅರ್ಧ ದಿನ ರಜೆ ಪಡೆದು ಕಳವಾಕ್ಕೆ ಹೋದೆ. ಬಾಗಿಲಿಗೆ ಬೀಗ. ಮೆಡಿಕಲ್‌ಗೆ ತಡವಾಗುತ್ತಿತ್ತು, ಫೋನ್ ಎತ್ತುವವರಿಲ್ಲ. ಮುಕ್ಕಾಲು ತಾಸು ಮೆಟ್ಟಿಲ ಮೇಲೆ ಕೂತೆ. ಕೊನೆಗೆ ಇಬ್ಬರೂ ಬಂದರು. ಚಿಕ್ಕಪ್ಪನ ಎರಡೂ ಕೈಯಲ್ಲಿ ಚೀಲ. ಹಿಂದೆ ಏದುಸಿರು ಬಿಡುತ್ತ ಚಿಕ್ಕಮ್ಮ.

"ಅಯ್ಯೋ ಮಗಾ, ನಿನಗೆ ಫೋನ್ ಮಾಡ್ಲಿಕ್ಕೇ ಮರ್ತೆ," ಎಂದಳು. "ಇವರ ಒಟ್ಟಿಗೆ ಬಜಾರಿಗೆ ಹೋಗಿದ್ದೆ."

ಮುಂದಿನ ತಿಂಗಳಿಂದ ಚಿಕ್ಕಮ್ಮ ಕಳವಾದಲ್ಲೇ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಹಗಲು ಪಾಳಿಗೆ ಸೇರಿದಳು. ಪಾಳಿ ಮುಗಿಯುವುದು ಸಂಜೆ ಆರಕ್ಕೆ. ಐದೂವರೆಗೇ ಚಿಕ್ಕಪ್ಪ ಗಲ್ಲಾದ ಕೆಲಸ ಮುಗಿಸಿ ಹೋಗಿ ಗೇಟಿನ ಹೊರಗೆ ನಿಲ್ಲುತ್ತಾರೆ. ಮೊನ್ನೆ ನಾನೂ ಆ ದಾರಿಯಲ್ಲಿ ಬಂದವನು ದೂರದಿಂದ ನೋಡಿದೆ. ಅವಳು ಹೊರಗೆ ಬಂದು ತನ್ನ ಚೀಲವನ್ನು ಅವರ ಕೈಗೆ ಕೊಟ್ಟಳು. ಆಟೋ ಸ್ಟ್ಯಾಂಡ್ ದಾಟಿ ಇಬ್ಬರೂ ನಡೆದುಕೊಂಡೇ ಮನೆಗೆ ಹೋದರು.