ಧರೆಪ್ಪನ ಎಮ್ಮೆ ಮತ್ತು ಗೌರಾಬಾಯಿಯ ಗಟಾರ

ನಮ್ಮ ಊರಿನ ಹಳೇ ಚಾವಡಿ ಓಣಿಯಲ್ಲಿ ದಿನಾಲು ಮುಂಜಾನೆ ಆರು ಗಂಟೆಗೆ ಸರಿಯಾಗಿ ಒಂದು ಜಗಳ ನಡೆಯುತ್ತದೆ. ಅದಕ್ಕೆ ಪಂಚಾಯತಿಯ ಮಂಜೂರಾತಿ ಇದೆ, ಠರಾವಿನ ನಂಬರು ಇದೆ, ರವಿವಾರದ ರಜೆ ಇಲ್ಲ. ಸದಲಗಾ, ಬೇಡಕಿಹಾಳದ ಕಡೆ ಬೇರೆ ಯಾವ ಊರಿಗೂ ಇಂಥ ಸೌಲಭ್ಯ ಸಿಕ್ಕಿಲ್ಲವೆಂದು ನಾನು ವಿಚಾರಿಸಿ ತಿಳಿದುಕೊಂಡಿದ್ದೇನೆ. ವಿಚಾರಿಸಿದ್ದು ಒಬ್ಬರನ್ನೇ. ಅವರೂ ನಮ್ಮ ಓಣಿಯವರೇ.

ಗೌರಾಬಾಯಿಯವರ ಮನೆಗೂ ಧರೆಪ್ಪನ ಮನೆಗೂ ನಡುವೆ ಒಂದೇ ಗೋಡೆ. ಹನ್ನೊಂದು ವರ್ಷದ ಹಿಂದೆ ಪಂಚಾಯತಿಯವರು ಧರೆಪ್ಪನ ದನದ ಕೊಟ್ಟಿಗೆಯ ಮುಂದೆ ಒಂದು ಗಟಾರ ಕಟ್ಟಿದರು. ಎಮ್ಮೆ ತೊಳೆದ ನೀರು ಓಣಿಯ ದೊಡ್ಡ ಗಟಾರಕ್ಕೆ ಹೋಗಬೇಕಾಗಿತ್ತು. ಹೋದದ್ದು ಗೌರಾಬಾಯಿಯ ಹೊಸ್ತಿಲಿಗೆ. ಇಂಜಿನಿಯರು ಬಂದು ನೋಡಿ, ‘ಕಾಮಗಾರಿಯಲ್ಲಿ ದೋಷವಿಲ್ಲ, ಇದು ನೀರಿನ ಸ್ವಭಾವ’ ಎಂದು ಬರೆದುಕೊಟ್ಟು ಹೋದರು. ಅಂದಿನಿಂದ ಗೌರಾಬಾಯಿಯವರು ಹಾಕಿದ ರಂಗೋಲಿ ಆರು ಗಂಟೆಗೆ ಹೊಸ್ತಿಲು ಬಿಟ್ಟು ತೇಲಿಕೊಂಡು ಹೋಗತೊಡಗಿತು, ಮತ್ತು ಅವರು ಗೋಡೆಯ ಹತ್ತಿರ ಬಂದು ನಿಲ್ಲತೊಡಗಿದರು.

“ಧರೆಪ್ಪಾ, ನಿನ್ನ ಎಮ್ಮಿ ಹೊಲಸ ನನ್ನ ಹೊಸ್ತಲಕ್ಕ ಬಂದೈತಿ ನೋಡ. ಒಂದ ಚರಗಿ ತುಂಬಿ ಕೊಡ್ಲೇನ, ಮಾರಿ ತೊಳಕೊಳ್ಳಾಕ?”

“ವೈನಿ, ಗಟಾರ ನಾ ಕಟ್ಟೇನೇನ್ರಿ? ಪಂಚಾಯತಿ ಕಟ್ಟೈತಿ.”

“ಪಂಚಾಯತಿ ಉಚ್ಚಿ ಹೊಯ್ತೈತೇನೋ? ಎಮ್ಮಿ ಹೊಯ್ತೈತಿ.”

ಈ ಪ್ರಶ್ನೆಗೆ ಹನ್ನೊಂದು ವರ್ಷ ಯಾರೂ ಉತ್ತರ ಕೊಟ್ಟಿರಲಿಲ್ಲ. ವರ್ಷಕ್ಕೊಂದರಂತೆ ಗೌರಾಬಾಯಿಯವರು ಹನ್ನೊಂದು ಅರ್ಜಿ ಕೊಟ್ಟಿದ್ದರು. ಹನ್ನೊಂದಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ರಬ್ಬರ್ ಶಿಕ್ಕೆ ಬಿದ್ದಿತ್ತು.

ಹನ್ನೆರಡನೆಯ ಅರ್ಜಿ ಅವರದಲ್ಲ. ‘ಹಿಂದಿನ ಮನೆಯ ಒಬ್ಬ ಮರ್ಯಾದಸ್ಥ ನಾಗರಿಕನ ಮುಂಜಾನೆಯ ನಿದ್ದೆ ಕೆಡುತ್ತಿದ್ದು’ ಎಂದು ಶುರುವಾಗುತ್ತಿದ್ದ ಅದಕ್ಕೆ ಸಹಿ ಇರಲಿಲ್ಲ. ಬರೆದವರು ಯಾರೆಂದು ಇಂದಿಗೂ ಪತ್ತೆಯಾಗಿಲ್ಲ. ಹಿಂದಿನ ಮನೆ ನನ್ನದೇ ಆದ್ದರಿಂದ ನನ್ನನ್ನೂ ಕರೆದು ಕೇಳಿದರು. ಅಕ್ಷರ ಬಹಳ ಸುಂದರವಾಗಿದೆ ಎಂದಷ್ಟೇ ಹೇಳಿ ಬಂದೆ.

ಈ ಅರ್ಜಿಯ ದೈವ ಚೆನ್ನಾಗಿತ್ತು. ಅದೇ ವಾರ ಮೇಲಿನಿಂದ ‘ನೆರೆಹೊರೆ ಸೌಹಾರ್ದ ಪಾಕ್ಷಿಕ’ ಆಚರಿಸಬೇಕೆಂಬ ಸುತ್ತೋಲೆ ಬಂದಿತ್ತು. ಹದಿನೈದು ದಿನದಲ್ಲಿ ಪ್ರತಿ ಪಂಚಾಯತಿ ಒಂದಾದರೂ ಜಗಳ ಬಗೆಹರಿಸಿ ಫೋಟೋ ಕಳಿಸತಕ್ಕದ್ದು. ಅಧ್ಯಕ್ಷ ಕಾಕಾಸಾಹೇಬರು ಊರಿನ ಜಗಳಗಳನ್ನೆಲ್ಲ ತೂಗಿ ನೋಡಿದರು. ಅರ್ಧ ಕೋರ್ಟಿನಲ್ಲಿದ್ದವು, ಉಳಿದರ್ಧ ಅವರವೇ ಆಗಿದ್ದವು. ಹೀಗಾಗಿ ಗೌರಾಬಾಯಿಯ ಪಾಳಿ ಬಂತು. ಹನ್ನೊಂದು ವರ್ಷ ಆಗದ ಗಟಾರ ಒಂದೇ ಮಧ್ಯಾಹ್ನ ಸರಿಯಾಯಿತು. ಇಬ್ಬರೂ ಒಬ್ಬರಿಗೊಬ್ಬರು ಸಕ್ಕರೆ ತಿನ್ನಿಸುವ ಫೋಟೋ ತೆಗೆದರು. ಕಸದ ಗಾಡಿಯ ಸ್ಪೀಕರಿನಲ್ಲಿ ಸಾರಿದರು: “ಹಳೇ ಚಾವಡಿ ಓಣಿಯಲ್ಲಿ ಇನ್ನು ಮುಂದೆ ಶಾಂತತೆ ಇರುತ್ತದೆ. ಸಾರ್ವಜನಿಕರು ಸಹಕರಿಸಬೇಕು.”

ಮರುದಿನ ಮುಂಜಾನೆ ಎಮ್ಮೆ ಹಾಲು ಕೊಡಲಿಲ್ಲ.

ಎಮ್ಮೆಗಳಿಗೆ ರೂಢಿ ದೊಡ್ಡದು. ಕೆಲವಕ್ಕೆ ಕರು ಮುಂದೆ ನಿಂತಿರಬೇಕು, ಕೆಲವಕ್ಕೆ ಹಿಂಡಿಯ ಬುಟ್ಟಿ ಸಪ್ಪಳವಾಗಬೇಕು, ಆಗಲೇ ಹಾಲು ಇಳಿಸುತ್ತವೆ. ಧರೆಪ್ಪನ ಎಮ್ಮೆ ಮೊದಲ ಸಲ ಈದ ದಿನದಿಂದ ಗೌರಾಬಾಯಿಯ ದನಿ ಕೇಳುತ್ತಲೇ ಹಿಂಡಿಸಿಕೊಂಡದ್ದು. ಅದಕ್ಕೆ ಅವರು ಬಾಯಿ ತೆಗೆಯಬೇಕು. ಮೂರು ದಿನ ಧರೆಪ್ಪ ಬರೀ ಬಕೀಟು ಹಿಡಿದು ಕೂತು ಎದ್ದ.

ನಾಲ್ಕನೆಯ ದಿನ ಹಾಲಿನ ಡೇರಿಯ ಸೆಕ್ರೆಟರಿ ಮಹಮ್ಮದ ಓಡಿಬಂದ. ಆ ಎಮ್ಮೆಯ ಹಾಲು ಅಂಥ ಗಟ್ಟಿ. ಅದೊಂದು ಕ್ಯಾನಿಗೆ ಬಿದ್ದರೆ ಇಡೀ ಕ್ಯಾನಿನ ಫ್ಯಾಟು ಏರುತ್ತಿತ್ತು. ಊರಿನ ಉಳಿದ ಮಂದಿ ತಮ್ಮ ಹಾಲಿಗೆ ಬೆರೆಸುವ ಅಷ್ಟಿಷ್ಟು ನೀರನ್ನು ಈ ಎಮ್ಮೆಯ ಭರವಸೆಯ ಮೇಲೆಯೇ ಬೆರೆಸುತ್ತಿದ್ದರು. ಈಗ ಎಲ್ಲರ ನೀರೂ ಬಯಲಿಗೆ ಬಂದಿತ್ತು. ನನ್ನ ಮನೆಗೂ ದಿನಾ ಅದೇ ಎಮ್ಮೆಯ ವರ್ತನೆ ಹಾಲು. ನಾಲ್ಕು ದಿನದಿಂದ ಕರಿ ಚಹಾ ಕುಡಿಯುತ್ತಿದ್ದೆ, ಅದನ್ನು ಕುಡಿದು ನಿದ್ದೆಯೂ ಬರುತ್ತಿರಲಿಲ್ಲ.

ಧರೆಪ್ಪ ಕೈಮುಗಿದು ನಿಂತ. “ವೈನಿ, ದೊಡ್ಡ ಮನಸ ಮಾಡಿ ಒಂದೆರಡ ಮಾತ ಬಯ್ರಿ.”

“ಯಾಕ ಬೈಲೆಪ್ಪಾ? ಹೊಸ್ತಲ ಒಣಾ ಐತಿ. ಸಿಟ್ಟ ಬರವಲ್ದು.”

“ಹಳೇದ ನೆನಿಸಿಕೊಂಡ ಬಯ್ರಿ.”

ಒಳ್ಳೆಯ ಹೆಂಗಸು, ನೆನೆಸಿಕೊಂಡು ಬೈದರು. ಎಮ್ಮೆ ಕುತ್ತಿಗೆ ತಿರುಗಿಸಿ ಒಮ್ಮೆ ಅವರನ್ನು ನೋಡಿ, ಮೆಲುಕು ಹಾಕುವುದನ್ನು ಮುಂದುವರಿಸಿತು. ದನದ ಡಾಕ್ಟರು ತಪಾಸಣೆ ಮಾಡಿ, ‘ಎಮ್ಮೆ ಆರೋಗ್ಯವಾಗಿದೆ, ಜಗಳದಲ್ಲಿ ಪ್ರಾಮಾಣಿಕತೆಯ ಕೊರತೆ ಇದೆ’ ಎಂದು ವರದಿ ಕೊಟ್ಟರು. ಅರ್ಜಿಗೆ ಪುರಾವೆ ಇರಲಿ ಎಂದು ನಾನು ಮೊಬೈಲಿನಲ್ಲಿ ತುಂಬಿಕೊಂಡಿದ್ದ ಹಳೆಯ ಜಗಳವನ್ನೂ, ಅಂದರೆ ಯಾರೋ ತುಂಬಿಕೊಂಡು ನನಗೆ ಕಳಿಸಿದ್ದ ಜಗಳವನ್ನೂ, ಎಮ್ಮೆಯ ಕಿವಿಗೆ ಹಿಡಿದು ನೋಡಿದರು. ಅದು ಮೊಬೈಲು ನೆಕ್ಕಿತು.

ಪಂಚಾಯತಿಯ ತುರ್ತು ಸಭೆ ಸೇರಿತು. ‘ಹಾಲಿನ ಹಿತದೃಷ್ಟಿಯಿಂದ ಸದರಿ ಗಟಾರವನ್ನು ಒಡೆದು ಪೂರ್ವಸ್ಥಿತಿಗೆ ತರತಕ್ಕದ್ದು’ ಎಂದು ಠರಾವಾಯಿತು. ಅಡಚಣೆ ಒಂದೇ. ಪಾಕ್ಷಿಕದ ನಿಯಮದಂತೆ, ಬಗೆಹರಿದ ಜಗಳವನ್ನು ಮತ್ತೆ ಹಚ್ಚಲು ಫಲಾನುಭವಿಯ ಲಿಖಿತ ಸಮ್ಮತಿ ಬೇಕು.

ಮರುದಿನ ಆರಕ್ಕೆ ಕಾಕಾಸಾಹೇಬರು, ಕಾಗದ ಹಿಡಿದ ಕಾರಕೂನ ದುಂಡೇಶ, ಗುದ್ದಲಿ ಹಿಡಿದ ಗುತ್ತಿಗೆದಾರ, ಖಾಲಿ ಕ್ಯಾನು ಹಿಡಿದ ಮಹಮ್ಮದ ಹೋದರು. ನಾನು ಏನೂ ಹಿಡಿಯದೆ ಹೋದೆ. ಗೌರಾಬಾಯಿಯವರು ಹೊಸ್ತಿಲ ಮುಂದೆ ಕೂತು ರಂಗೋಲಿ ಹಾಕುತ್ತಿದ್ದರು. ನವಿಲು. ಹನ್ನೊಂದು ವರ್ಷದಲ್ಲಿ ಬಾಲದವರೆಗೆ ಬಂದ ಮೊದಲನೆಯ ನವಿಲು ಅದು. ಬಣ್ಣ ತುಂಬುವುದಷ್ಟೇ ಉಳಿದಿತ್ತು.

ದುಂಡೇಶ ಓದಿದ. “ಸದರಿ ಗಟಾರ ಒಡೆಯಲು ನನ್ನ ಯಾವುದೇ ತಕರಾರು ಇರುವುದಿಲ್ಲ. ಇಲ್ಲೆ ಸಹಿ ಮಾಡ್ರಿ ಕಾಕು.”

ಗೌರಾಬಾಯಿಯವರು ಬಣ್ಣದ ಬಟ್ಟಲು ಕೆಳಗಿಟ್ಟು ಎದ್ದು ನಿಂತರು.

“ಹನ್ನೊಂದ ವರ್ಷ ಅರ್ಜಿ ಹಿಡಕೊಂಡ ನಿಮ್ಮ ಕಟ್ಟಿ ಮ್ಯಾಲ ಕುಂತೀನಿ. ಆವಾಗ ನಿಮ್ಮ ಪೆನ್ನಿನ್ಯಾಗ ಮಸಿ ಇರಲಿಲ್ಲ. ಈಗ ಒಡ್ಯಾಕ ಎಲ್ಲಿಂದ ಬಂತೋ? ಕಾಕಾಸಾಹೇಬಾ, ಈ ನವಿಲಿನ ಕಾಲಿಗೆ ಒಂದ ಹನಿ ಹತ್ತಲಿ, ಆ ಎಮ್ಮಿ ತಂದ ನಿನ್ನ ಪಡಸಾಲ್ಯಾಗ ಕಟ್ತೀನಿ. ನಿನ್ನ ಸೋಫಾದ ಮ್ಯಾಲ ಮಲಗಸ್ತೀನಿ ಅದನ್ನ. ಮತ್ತ ನೀ ಏನ ನೋಡ್ತೀಯೋ ಗುದ್ದಲಿ ಮಾರಿಯವನ—”

ಗೋಡೆಯ ಆಚೆ ಬಕೀಟಿನಲ್ಲಿ ಚೊರ್ ಚೊರ್ ಎಂದು ಸದ್ದಾಯಿತು. ಧರೆಪ್ಪ ಕೂತಲ್ಲಿಂದಲೇ ಕೂಗಿದ. “ನಿಲ್ಲಸಬ್ಯಾಡ್ರಿ ವೈನಿ, ಇಳಸಾಕತ್ತೈತಿ.”

ಗೌರಾಬಾಯಿಯವರು ನಿಲ್ಲಿಸುವ ಹಂತದಲ್ಲಿ ಇರಲೂ ಇಲ್ಲ. ಕಾಕಾಸಾಹೇಬರ ಮನೆತನ ಮುಗಿದು ಇಂಜಿನಿಯರನ ಮನೆತನಕ್ಕೆ ಬಂದಿದ್ದರು. ಕಾಕಾಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದು ಶಾಂತವಾಗಿ ಕೇಳಿಸಿಕೊಂಡರು. ನಡುವೆ ಒಮ್ಮೆ ಕೆಮ್ಮಿದಾಗ ಮಹಮ್ಮದ ಅವರ ಕಿವಿಯಲ್ಲಿ, “ಸುಮ್ನ ನಿಂದರ್ರಿ ಸಾಹೇಬ್ರ, ಇನ್ನೂ ಅರ್ಧಾ ಬಕೀಟ ಐತಿ” ಎಂದ.

ಅಂದೇ ಸಂಜೆ ಠರಾವು ತಿದ್ದುಪಡಿಯಾಯಿತು. ಗಟಾರ ಒಡೆಯುವಂತಿಲ್ಲ, ಒಡೆಯಲು ಸಮ್ಮತಿ ಕೇಳುವುದು ಮಾತ್ರ ಕಾಯಂ. ಆ ಪ್ರಕಾರ ದುಂಡೇಶನನ್ನು ಪ್ರತಿದಿನ ಮುಂಜಾನೆ ಆರಕ್ಕೆ ಹಳೇ ಚಾವಡಿ ಓಣಿಗೆ ನಿಯೋಜಿಸಲಾಗಿದೆ. ಗೌರಾಬಾಯಿಯವರು ಕಾಗದವನ್ನು ದಿನಾ ಹರಿದೊಗೆಯುವುದರಿಂದ ಸಾವಿರ ಪ್ರತಿ ಛಾಪಿಸಿಡಲಾಗಿದೆ. ಗುತ್ತಿಗೆದಾರನಿಗೆ ಒಡೆಯದ ಗಟಾರ ಒಡೆದ ಬಿಲ್ಲೂ, ಅದನ್ನು ಮತ್ತೆ ಕಟ್ಟಿದ ಬಿಲ್ಲೂ ಪಾಸಾಗಿವೆ. ಫ್ಯಾಟು ಮೊದಲಿನಂತೆ ಬರುತ್ತಿದೆ, ಊರಿನವರು ನೀರನ್ನು ಮೊದಲಿನಂತೆ ಹಾಕುತ್ತಿದ್ದಾರೆ. ನನ್ನ ನಿದ್ದೆ ಆರಕ್ಕೇ ಹೋಗುತ್ತದೆ. ಚಹಾ ಚೆನ್ನಾಗಿರುತ್ತದೆ.

ಬೈದು ಮುಗಿದ ಮೇಲೆ ಗೌರಾಬಾಯಿಯವರು ದುಂಡೇಶನಿಗೂ ಅದೇ ಹಾಲಿನ ಚಹಾ ಕೊಡುತ್ತಾರೆ. ಹೋದ ತಿಂಗಳು ಒಂದು ದಿನ ಅವನ ಸೊರಗಿದ ಮುಖ ನೋಡಿ ಅವರಿಗೆ ಕನಿಕರ ಬಂತು.

“ದಿನಾ ಥಂಡ್ಯಾಗ ಬಂದ ಬೈಸಿಕೊಳ್ತಿ. ತಾರಪಾ ಆ ಕಾಗದ, ಒಂದ ಸಹಿ ಮಾಡಿಬಿಡ್ತೀನಿ. ನಿನ್ನ ಕಾಟ ತಪ್ಪಲಿ.”

ದುಂಡೇಶ ಚಹಾದ ಬಸಿ ಅಲ್ಲೇ ಇಟ್ಟು ಕಾಗದ ಎದೆಗೆ ಅಪ್ಪಿಕೊಂಡು ಕಚೇರಿಗೆ ಓಡಿದ. ಮರುದಿನ ಗೌರಾಬಾಯಿಯವರಿಗೆ ನೋಟಿಸು ಬಂತು: ‘ತಾವು ಸಮ್ಮತಿ ಪತ್ರಕ್ಕೆ ಯಾವುದೇ ಕಾರಣಕ್ಕೂ ಸಹಿ ಮಾಡತಕ್ಕದ್ದಲ್ಲ. ಮಾಡಿದಲ್ಲಿ, ತಮ್ಮ ಸಮ್ಮತಿಯ ಮೇರೆಗೆ ಗಟಾರ ಒಡೆಯಲಾಗುವುದು.’

ಅವರು ಅದನ್ನು ಎರಡು ಸಲ ಓದಿದರು. ಆ ದಿನ ಎಮ್ಮೆ ಒಂದು ಲೀಟರು ಹೆಚ್ಚಿಗೆ ಕೊಟ್ಟಿತು.

ನೋಟಿಸನ್ನೂ ದಿನಾಲು ಕೊಡಬೇಕೆಂದು ಡೇರಿಯವರು ಅರ್ಜಿ ಹಾಕಿದ್ದಾರೆ. ಪರಿಶೀಲನೆಯಲ್ಲಿದೆ.