ನೂರಕ್ಕೆ ಎಂಬತ್ತೊಂದು ತೆಲುಗು

ಮೂರು ತಿಂಗಳಲ್ಲಿ ತೆಲುಗು ಕಲಿತೇ ತೀರುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ಮಂದಾಕಿನಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು. ತಲೆ ಎತ್ತಲೂ ಇಲ್ಲ.

"ಮೊದ್ಲ ಕನ್ನಡದಾಗ ಹೇಳಿದ್ದು ತಿಳ್ಕೊಳ್ರಿ. ನಿನ್ನೆ ಹಾಲು ತರ್ರಿ ಅಂದ್ರ ಮೊಸರು ತಂದೀರಿ."

ಇಂಥ ಮಾತಿಗೆಲ್ಲ ಎದೆಗುಂದುವ ಆಸಾಮಿ ನಾನಲ್ಲ! ಧಾರವಾಡದ ಪರೀಕ್ಷಾ ವಿಭಾಗವೊಂದರಲ್ಲಿ ಮೂವತ್ತಮೂರು ವರ್ಷ ಅಂಕಪಟ್ಟಿ ತಯಾರಿಸಿದ ಬಾಳಕೃಷ್ಣ ನಾನು. ಮೂವತ್ತೈದು ಬಂದರೆ ಪಾಸು, ಅರವತ್ತು ಬಂದರೆ ಫಸ್ಟ್ ಕ್ಲಾಸು, ಎಂಬತ್ತು ದಾಟಿದರೆ ಓಣಿಗೆಲ್ಲ ಪೇಡೆ. ಇದಕ್ಕಿಂತ ದೊಡ್ಡ ಸತ್ಯ ಭೂಮಂಡಲದಲ್ಲಿ ಇಲ್ಲವೆಂದು ನಂಬಿಯೇ ನಿವೃತ್ತನಾದವನು.

ತೆಲುಗಿನ ಅಗತ್ಯ ಹೀಗೆ ಬಿದ್ದಿತ್ತು. ನಮ್ಮ ಮಗಳು ಮಾನಸಿ ಕೇಶ್ವಾಪುರದ ಒಂದು ಬ್ಯಾಂಕಿನಲ್ಲಿ ಅಧಿಕಾರಿ. ಅದೇ ಶಾಖೆಯಲ್ಲಿ ಕೆಲಸ ಮಾಡುವ ಸೂರಿಬಾಬು ಎಂಬ ಹುಡುಗನನ್ನು ಮೆಚ್ಚಿದ್ದಳು. ಗುಂಟೂರಿನ ಕಡೆಯವನು, ಹುಡುಗ ಬಂಗಾರ. ಅವನ ತಂದೆ ತಾಯಿ ಒಪ್ಪಿದ್ದರು. ಆದರೆ ಆ ಮನೆಯಲ್ಲಿ ಕೊನೆಯ ಮಾತು ಅಮ್ಮಮ್ಮನದು, ಅಂದರೆ ಅವನ ತಾಯಿಯ ತಾಯಿಯದು. ಆಕೆ ಖುದ್ದಾಗಿ ಬಂದು, ಮನೆ ನೋಡಿ, ಊಟ ಮಾಡಿ ಹೂಂ ಅಂದರೆ ಮದುವೆ. ಊಹೂಂ ಅಂದರೆ ಇಲ್ಲ. ಮತ್ತು ಆಕೆಗೆ ತೆಲುಗು ಬಿಟ್ಟರೆ ಬೇರೆ ಒಂದಕ್ಷರ ಬಾರದು.

"ಅಮ್ಮಮ್ಮಗ ನಾ ಸಂಭಾಳಸ್ತೇನಿ. ನೀ ಚಿಂತಿ ಬಿಡು," ಎಂದೆ ಮಗಳಿಗೆ.

ಅವಳೇ ನನ್ನ ಮೊಬೈಲಿಗೆ ಪದ ಕಲಿಸುವ ಒಂದು ಆಟ ಹಾಕಿಕೊಟ್ಟಳು. ಆಟದ ಯಜಮಾನ ಒಂದು ಅಳಿಲು. ಅದೊಂದು ಚಿತ್ರ ತೋರಿಸುತ್ತದೆ, ಕೆಳಗೆ ತೆಲುಗು ಪದ, ಅದರ ಕೆಳಗೆ ನಾಲ್ಕು ಕನ್ನಡ ಅರ್ಥ. ಸರಿಯಾದದ್ದನ್ನು ಒತ್ತಿದರೆ ಅಳಿಲು ಒಂದು ಶೇಂಗಾ ಎತ್ತಿ ಚೀಲಕ್ಕೆ ಹಾಕುತ್ತದೆ. ತಪ್ಪು ಒತ್ತಿದರೆ ಚೀಲದಿಂದಲೇ ಶೇಂಗಾ ತೆಗೆದು ನನ್ನ ಎದುರಿಗೇ ತಿಂದು ಹಾಕುತ್ತದೆ! ಚೀಲ ನೂರಕ್ಕೆ ಎಷ್ಟು ತುಂಬಿತು ಎಂಬುದನ್ನು ಮೇಲೆ ಕೆಂಪಕ್ಷರದಲ್ಲಿ ಬರೆಯುತ್ತದೆ.

"ಬಳಕಿಗೆ ಭಾಳ ಬೇಕಾಗೋ ಪದಾನ ಅದು ಮತ್ತ ಮತ್ತ ಕೇಳ್ತದಪ್ಪಾ. ತಪ್ಪಿದ್ರ ಬ್ಯಾಸರ ಮಾಡ್ಕೋಬ್ಯಾಡ," ಎಂದಳು ಮಾನಸಿ.

ಬೇಸರವಲ್ಲ, ನನಗೆ ಬಂದದ್ದು ಸಿಟ್ಟು. ಹನ್ನೆರಡಕ್ಕೆ ಏರಿದ್ದ ಚೀಲ ಹನ್ನೊಂದಕ್ಕೆ ಇಳಿಯಿತು. ಒಮ್ಮೆ ಕೊಟ್ಟ ಅಂಕ ವಾಪಸ್ಸು ಪಡೆದ ಚರಿತ್ರೆ ನಮ್ಮ ವಿಭಾಗದಲ್ಲೇ ಇಲ್ಲ! ನಾನು ತೆಲುಗು ಬಿಟ್ಟು ಅಳಿಲನ್ನು ಅಭ್ಯಾಸ ಮಾಡತೊಡಗಿದೆ. ಒಂದೇ ವಾರದಲ್ಲಿ ಅದರ ಗುಟ್ಟು ರಟ್ಟಾಯಿತು. ಪ್ರಾಣಿಗಳ ಪಾಠದಲ್ಲಿ ಚಿತ್ರವೇ ಉತ್ತರ ಹೇಳುತ್ತದೆ. ಆನೆಯ ಚಿತ್ರ ನೋಡಿ ಆನೆ ಎಂದು ಒತ್ತಲು ತೆಲುಗು ಯಾತಕ್ಕೆ ಬೇಕು? ಏನುಗು ಅಂದರೆ ಆನೆ, ಒಂದು ಶೇಂಗಾ. ಏನುಗುಲು ಅಂದರೆ ಆನೆಗಳು, ಮತ್ತೊಂದು ಶೇಂಗಾ. ಬಾಲಕ್ಕೆ 'ಲು' ಹಚ್ಚಿದರೆ ಮುಗಿಯಿತು, ಬಹುವಚನ ಪುಕ್ಕಟೆ! ಇನ್ನು ಪುಸ್ತಕಂ, ದೇಶಂ, ಆಕಾಶಂ. ಇವೆಲ್ಲ ನಮ್ಮವೇ ಪದಗಳು, 'ಅಂ' ಎಂಬ ಟೊಪ್ಪಿಗೆ ಹಾಕಿಕೊಂಡು ಕೂತಿವೆ, ಅಷ್ಟೇ.

ಎಲ್ಲಕ್ಕಿಂತ ದಿವ್ಯವಾದದ್ದು 'ಆಮೇಲೆ ನೋಡೋಣ' ಎಂಬ ಗುಂಡಿ. ಅದನ್ನು ಒತ್ತಿದರೆ ಆ ಪದ ಅಳಿಲಿನ ಕಾಲ ಹತ್ತಿರದ ಗಡಿಗೆಗೆ ಬೀಳುತ್ತದೆ, ಚೀಲಕ್ಕೆ ಧಕ್ಕೆಯಿಲ್ಲ. ಬಾ, ಹೋಗು, ಬೇಕು, ಬೇಡ, ಊಟ, ಉಪಚಾರ, ತಕರಾರಿನ ಪದಗಳೆಲ್ಲ ಗಡಿಗೆಗೆ! ಒಂದು ಪದವಂತೂ ದಿನಾಲೂ ಬಂದು ಪೀಡಿಸುತ್ತಿತ್ತು. ಅಂಗೈ ಎತ್ತಿ ತೋರಿಸುವ ಚಿತ್ರ. ಮೊದಲ ದಿನ 'ಆಶೀರ್ವಾದ' ಎಂದು ಒತ್ತಿ ಶೇಂಗಾ ಕಳೆದುಕೊಂಡಿದ್ದೆ. ಅಂದಿನಿಂದ ಆ ಅಂಗೈ ಕಂಡೊಡನೆ, ಕೆಳಗಿನ ಪದವನ್ನೂ ಓದದೆ, ಆಮೇಲೆ ನೋಡೋಣ!

ತೊಂಬತ್ತನೇ ದಿನ ಚೀಲ ಎಂಬತ್ತೊಂದು ತುಂಬಿತು. ಅಳಿಲು ಪಟಾಕಿ ಹಾರಿಸಿ ನನಗೆ 'ಭಾಷಾಕೇಸರಿ' ಎಂಬ ಬಿರುದು ಕೊಟ್ಟಿತು. ಬೈರಿದೇವರಕೊಪ್ಪದಲ್ಲಿ ನನ್ನ ಮೊಬೈಲು ನೋಡದ ಮನುಷ್ಯ ಉಳಿಯಲಿಲ್ಲ. ಎದುರು ಮನೆಯ ಆಟೋ ಯಾಕೂಬಸಾಬರು ಕನ್ನಡಕ ಏರಿಸಿ ನೋಡಿ, "ನಮಗೂ ಒಂದೀಟ ತೆಲುಗು ಬರತೈತ್ರಿ ಸರ್ರ," ಎಂದರು.

"ಎಷ್ಟು ಪರ್ಸೆಂಟ್?"

"ಪರ್ಸೆಂಟ್ ಏನ್ ಗೊತ್ತಿಲ್ರಿ."

"ಹಂಗಿದ್ರ ಅದು ಲೆಕ್ಕಕ್ಕ ಬರೂದಿಲ್ಲ ಬಿಡ್ರಿ," ಎಂದು ಅವರ ಭುಜ ತಟ್ಟಿ ಸಮಾಧಾನ ಮಾಡಿದೆ.

ಮಂದಾಕಿನಿ ಮಾತ್ರ ಕೇಳಿದಳು: "ಉಳದ ಹತ್ತೊಂಬತ್ತರಾಗ ಏನ ಅದರೀ?"

"ಚಿಲ್ಲರ!"

ಅಮ್ಮಮ್ಮ ಬುಧವಾರ ಬಂದರು. ಅಂದೇ ಬ್ಯಾಂಕಿನಲ್ಲಿ ಆಡಿಟ್ಟು. "ಅರ್ಧಾ ದಿವಸರೆ ರಜಾ ಹಾಕ್ತೇನಪ್ಪಾ," ಎಂದಳು ಮಾನಸಿ. ನಾನು ಮೊಬೈಲು ತೆಗೆದು ಎಂಬತ್ತೊಂದು ತೋರಿಸಿದೆ. ಅವಳು ಹೋದಳು. ಸೂರಿಬಾಬುವೂ ಅಜ್ಜಿಯನ್ನು ಬಾಗಿಲಿಗೆ ಬಿಟ್ಟು, "ಅಂಕಲ್ ಇದ್ದಾರಲ್ಲ, ನನಗೇನು ಚಿಂತೆ!" ಎಂದು ನಮಸ್ಕರಿಸಿ ಓಡಿದ.

ಮೂಗಿನ ಎರಡೂ ಕಡೆ ಮೂಗುತಿ, ಕೈಯಲ್ಲಿ ಬಟ್ಟೆ ಕಟ್ಟಿದ ಭರಣಿ. ಅಮ್ಮಮ್ಮ ಸಾಲೆ ತಪಾಸಣೆಗೆ ಬಂದವರಂತೆ ಮನೆಯನ್ನು ಸುತ್ತ ನೋಡಿದರು. ನಾನು ಗಂಟಲು ಸರಿಪಡಿಸಿಕೊಂಡು ಕಂಪೌಂಡಿನ ಮೇಲೆ ಮಲಗಿದ್ದ ಬೆಕ್ಕಿಗೆ ಕೈಮಾಡಿದೆ.

"ಇದಿ ಪಿಲ್ಲಿ!"

ಅಮ್ಮಮ್ಮ ಬೆಕ್ಕನ್ನೂ ನನ್ನನ್ನೂ ನೋಡಿ, "ಅವುನು, ಪಿಲ್ಲಿ," ಎಂದರು.

"ಯಾವ ಅವನು?" ಎಂದು ಮಂದಾಕಿನಿ ಗಾಬರಿಯಾದಳು.

"ಅವುನು ಅಂದ್ರ ಹೌದು. ಮೂರನೇ ಪಾಠ," ಎಂದೆ. ಹೆಂಡತಿಯ ಕಣ್ಣಲ್ಲಿ ನನ್ನ ಬಗ್ಗೆ ಮೂವತ್ತು ವರ್ಷದಲ್ಲಿ ಕಾಣದ ಗೌರವ ಕಂಡಿತು. ಅದೇ ಮುಂದಿನ ಅನಾಹುತಕ್ಕೆಲ್ಲ ಕಾರಣ.

ಅಮ್ಮಮ್ಮ ಭರಣಿಯ ಬಟ್ಟೆ ಬಿಚ್ಚಿ ನನ್ನ ಮೂಗಿನ ಹತ್ತಿರ ಹಿಡಿದರು. ತಮ್ಮ ಕೈಯಾರೆ ಹಾಕಿದ ಮಾವಿನ ಉಪ್ಪಿನಕಾಯಿ! ಹೊಗಳಲೇಬೇಕು. 'ಚಾಲಾ' ಅಂದರೆ ಬಹಳ, ಎರಡನೇ ಪಾಠ. ಪರಿಮಳಕ್ಕೆ ಏನೆನ್ನುವುದು? ನಮ್ಮ 'ಕಂಪು' ಇದೆಯಲ್ಲ, ಎಲ್ಲ ಭಾಷೆಗೂ ಒಪ್ಪುವಂಥದ್ದು.

"ಚಾಲಾ ಕಂಪು! ಚಾಲಾ ಚಾಲಾ ಕಂಪು!" ಎಂದು ಮೂಗೆಳೆದು ತೋರಿಸಿದೆ.

ಅಮ್ಮಮ್ಮನ ಮುಖ ಸಣ್ಣದಾಯಿತು. ತಾವೂ ಒಮ್ಮೆ ಮೂಸಿ ನೋಡಿ, ಮತ್ತೆ ಬಟ್ಟೆ ಕಟ್ಟಿ, ಭರಣಿಯನ್ನು ಚೀಲದೊಳಗೆ ಇಟ್ಟುಕೊಂಡುಬಿಟ್ಟರು.

"ಯಾಕ್ರೀ ಒಳಗಿಟ್ರು?"

"ದೃಷ್ಟಿ ಆಗಬಾರದಂತ!"

ಊಟಕ್ಕೆ ಎಲೆ ಹಾಕಿದೆವು. ಮಂದಾಕಿನಿಯ ಹೋಳಿಗೆ ಅಂದರೆ ಕೇಳಬೇಕೆ! ಅಮ್ಮಮ್ಮ ಎರಡನ್ನು ತುಪ್ಪದ ಜೊತೆ ಮೆಚ್ಚಿ ತಿಂದರು. ಮೂರನೆಯದು ಬಂದಾಗ ಅಂಗೈ ಎತ್ತಿ, "ಚಾಲು," ಎಂದರು.

ನನ್ನ ತಲೆಯಲ್ಲಿ ವ್ಯಾಕರಣ ಮಿಂಚಿತು! ಚಾಲಾ ಅಂದರೆ ಬಹಳ. ಬಾಲಕ್ಕೆ ಲು ಬಂದರೆ ಬಹುವಚನ. ಅಂದಮೇಲೆ ಚಾಲು ಅಂದರೆ ಬಹಳದ ಬಹುವಚನ! ಅದೂ ಅಲ್ಲದೆ ನಮ್ಮ ಹುಬ್ಬಳ್ಳಿಯಲ್ಲಿ ಫ್ಯಾನು ಚಾಲೂ, ಗಿರಣಿ ಚಾಲೂ, ಸಾಲಿ ಚಾಲೂ. ಎರಡು ಭಾಷೆಗಳು ಒಟ್ಟಿಗೆ ಸಾಕ್ಷಿ ನುಡಿಯುವಾಗ ಸಂಶಯವೆಲ್ಲಿ?

"ನೀಡು ಮಂದಾ! ಚಾಲೂ ಇಡು ಅಂತಾರ!"

"ಕೈ ಅಡ್ಡ ಹಿಡದಾರಲ್ರೀ. ಸಾಕು ಅಂತಾರೇನೋ."

"ಅದು ಆಶೀರ್ವಾದ! ನಿನಗ ತೆಲುಗು ಎಷ್ಟು ಪರ್ಸೆಂಟ್ ಬರ್ತದ ಹೇಳು?"

ಅವಳು ನೀಡಿದಳು. ನಾನು ಆಶೀರ್ವಾದಕ್ಕೆ ತಲೆಬಾಗಿದೆ. ಎಲೆಯಲ್ಲಿ ಬಿಟ್ಟೇಳುವುದು ಹೆಣ್ಣಿನ ಮನೆಗೆ ಅವಮಾನ ಎಂದು ತಿಳಿದಿದ್ದ ಹಿರಿಯ ಜೀವ ಅದು. ಕಣ್ಣು ಮುಚ್ಚಿ ತಿಂದರು. ಆಮೇಲೆ ಎರಡೂ ಅಂಗೈ ಎತ್ತಿ, "ಚಾಲಮ್ಮಾ! ಚಾಲು! ಚಾಲು!" ಎಂದರು.

"ಮೂರು ಸಲ ಅಂದ್ರು. ಮೂರು ಹಾಕು!"

ಆರನೆಯ ಹೋಳಿಗೆ ಮುಗಿಯುವ ಹೊತ್ತಿಗೆ ಅಮ್ಮಮ್ಮನ ಹಣೆಯಲ್ಲಿ ಬೆವರು. ಹೊಟ್ಟೆಯ ಮೇಲೆ ಕೈಯಿಟ್ಟು ಕ್ಷೀಣವಾಗಿ, "ಕಡುಪು ನಿಂಡಿಪೋಯಿಂದಿ," ಎಂದರು.

"ಕಡಬು!" ಎಂದು ನಾನು ಜಿಗಿದೆ. "ಮಂದಾ, ನೈವೇದ್ಯಕ್ಕ ಮಾಡಿದ ಕಡಬು ಅವಲ್ಲ, ತಗೊಂಬಾ!"

"ಆರು ಹೋಳಿಗಿ ತಿಂದಮ್ಯಾಲ ಕಡಬು ಯಾರ ಕೇಳ್ತಾರ್ರಿ?"

"ಗುಂಟೂರಾಗ ಕೇಳ್ತಾರ!"

ಎರಡು ಕಡಬು ಎಲೆಗೆ ಬಿದ್ದವು. ಅಮ್ಮಮ್ಮ ನನ್ನನ್ನು ನೋಡಿದ ಆ ನೋಟ ನಾನು ಸಾಯುವವರೆಗೂ ಮರೆಯುವಂಥದ್ದಲ್ಲ. ಒಂದನ್ನು ತಿಂದು, ಇನ್ನೊಂದನ್ನು ಎಲೆಯಲ್ಲೇ ಬಿಟ್ಟು, ಗೋಡೆ ಹಿಡಿದು ಎದ್ದು ಮಂಚದ ಮೇಲೆ ಒರಗಿದರು. ಅಲ್ಲಿಂದಲೇ ಗುಂಟೂರಿಗೆ, ಮಗಳಿಗೆ ಫೋನು ಹಚ್ಚಿದರು. ಹತ್ತು ನಿಮಿಷ ಪುಂಖಾನುಪುಂಖ ತೆಲುಗು. ನಾನು ಕಿವಿಗೊಟ್ಟು ಕುಳಿತೆ. ಒಂದಕ್ಷರ ತಿಳಿಯಲೊಲ್ಲದು. ಇದ್ದಕ್ಕಿದ್ದಂತೆ ಒಂದು ಪದ ಫಳ್ಳನೆ ಹೊಳೆಯಿತು.

"ಮಂದಾ! ಗಾಡಿದ ಅಂದ್ರು! ನನಗ ತಿಳೀತು! ಗಾಡಿದ ಅಂದ್ರ ಕತ್ತಿ, ಪ್ರಾಣಿಗಳ ಪಾಠ!"

ಮಂದಾಕಿನಿ ತಣ್ಣಗೆ ಕೇಳಿದಳು: "ಯಾರಿಗೆ ಅಂದ್ರು?"

ಕತ್ತೆ ಯಾರೆಂಬ ಪಾಠ ಅಳಿಲು ಕಲಿಸಿರಲಿಲ್ಲ. ಆದರೆ ಕೋಣೆಯಲ್ಲಿ ಇದ್ದದ್ದು ಮೂರೇ ಜನ. ಮಾನಸಿಯ ಮುಖ ಕಣ್ಣ ಮುಂದೆ ಬಂತು. ಬೆಳಿಗ್ಗೆ ಹೋಗುವಾಗ ಬಾಗಿಲಲ್ಲಿ ನಿಂತು ಎರಡೆರಡು ಸಲ ಹಿಂದೆ ನೋಡಿದ್ದಳು ಹುಡುಗಿ. ಅವಳಿಗೆ ಫೋನು ಮಾಡಿದರೆ ಬಂದ್ ಆಗಿದೆ, ಸೂರಿಬಾಬುವಿನದೂ ಅಷ್ಟೇ. ಇತ್ತ ಅಮ್ಮಮ್ಮ ಹೊಟ್ಟೆ ಹಿಡಿದು ನರಳಲು ಹತ್ತಿದರು. ನಾನು ಅಂಕೆ ಸಂಖ್ಯೆ ಎಲ್ಲ ಮರೆತು ನಿಂತಿದ್ದೆ, ಮಂದಾಕಿನಿ ಕಿಡಕಿಯಿಂದಲೇ ಕೂಗಿದಳು.

"ಯಾಕೂಬಸಾಬ್ರ! ಲಗೂ ಆಟೋ ತರ್ರಿ! ದವಾಖಾನಿಗೆ ಹೋಗಬೇಕು!"

ಯಾಕೂಬಸಾಬರು ಒಳಗೆ ಬಂದವರೇ ಒಮ್ಮೆ ನೋಡಿ, "ಏಮಯಿಂದಮ್ಮಾ?" ಎಂದರು. ಅಮ್ಮಮ್ಮ ಧಡಕ್ಕನೆ ಎದ್ದು ಕುಳಿತರು! ಕಣ್ಣಲ್ಲಿ ನೀರು. ಅರಳು ಸಿಡಿದಂತೆ ಮಾತು. ಯಾಕೂಬಸಾಬರು ಎಲ್ಲ ಕೇಳಿಕೊಂಡು, ಅಜವಾನ ತರಿಸಿ ಬಿಸಿನೀರಿನ ಜೊತೆ ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿದರು.

"ಸರ್ರ, ಚಾಲು ಅಂದ್ರ ಏನ್ ತಿಳದ್ರಿ?"

"ಇನ್ನೂ ನೀಡ್ರಿ ಅಂತ."

"ಸಾಕು ಅಂತರೀ! ಕಡುಪು ಅಂದ್ರ?"

"ಕಡಬು ಅಲ್ಲೇನ್ರಿ?"

"ಹೊಟ್ಟಿರೀ! ಹೊಟ್ಟಿ ತುಂಬೇತಿ ಅಂದಾರ ಪಾಪ. ಮತ್ತ ಅವರ ಉಪ್ಪಿನಕಾಯಿಗೆ ಕಂಪು ಅಂದ್ರಂತಲ್ಲ. ತೆಲುಗಿನ್ಯಾಗ ಕಂಪು ಅಂದ್ರ ಗಬ್ಬ ನಾತ."

ಭೂಮಿ ಬಾಯಿಬಿಡಲಿಲ್ಲ, ಅದಕ್ಕೂ ನನ್ನ ಮೇಲೆ ಸಿಟ್ಟಿದ್ದಿರಬೇಕು. ಸಣ್ಣ ದನಿಯಲ್ಲಿ ಕೇಳಿದೆ: "ಕತ್ತಿ ಅಂದದ್ದು?"

"ಅದೊಂದ ನೀವು ಬರೋಬ್ಬರಿ ತಿಳಕೊಂಡೀರಿ ಸರ್ರ."

"ನೀವು ಇಷ್ಟು ಛಲೋ ತೆಲುಗು ಎಲ್ಲೆ ಕಲ್ತ್ರಿ ಯಾಕೂಬಸಾಬ್ರ?" ಎಂದಳು ಮಂದಾಕಿನಿ.

"ಬ್ಯಾಡಗಿಯಿಂದ ಗುಂಟೂರಿಗೆ ಇಪ್ಪತ್ತೆರಡ ವರ್ಷ ಮೆಣಸಿನಕಾಯಿ ಲಾರಿ ಹೊಡದೇನ್ರಿ ಅಮ್ಮಾರ. ಹಸದಾಗ ಊಟ ಕೇಳಬೇಕು, ಹೊಟ್ಟಿ ತುಂಬಿದಾಗ ಸಾಕು ಅನಬೇಕು. ಮೊದಲ ಇವೆರಡ ಕಲತ್ನಿರಿ. ಆನಿ ಒಂಟಿ ಆಮ್ಯಾಲ."

ನಾನು ಅಮ್ಮಮ್ಮನಿಗೆ ಕೈಮುಗಿದೆ. "ತಪ್ಪಾತು ಅಂತ ಹೇಳ್ರಿ ಯಾಕೂಬಸಾಬ್ರ. ನನ್ನ ಹುಚ್ಚುತನಕ್ಕ ಮಗಳಿಗೆ ಶಿಕ್ಷಾ ಬ್ಯಾಡ ಅಂತ ಹೇಳ್ರಿ."

ಯಾಕೂಬಸಾಬರು ಅಳಿಲಿನಿಂದ ಹಿಡಿದು ಎಂಬತ್ತೊಂದರವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಅಮ್ಮಮ್ಮನ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದು ನಾನು ಹೆದರಿದೆ. ನಗುತ್ತಿದ್ದರು! ಹೊಟ್ಟೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು ಮತ್ತೆ ನಗುತ್ತಿದ್ದರು. ಕೊನೆಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಏನೋ ಹೇಳಿದರು. ಯಾಕೂಬಸಾಬರು ಅದನ್ನು ಕನ್ನಡಕ್ಕೆ ತಂದರು:

"ಇಷ್ಟ ಪ್ರೀತಿಲೆ ತಿನಿಸಿದ ಮನಿ ಹುಡುಗೀನ ಬ್ಯಾಡ ಅನ್ನೂದು ಹೆಂಗ ಅಂತಾರ್ರಿ. ಮದವಿ ಪಕ್ಕಾ! ಆದ್ರ ಒಂದು ಷರತ್ತ ಐತಂತ."

"ಏನಿದ್ರೂ ಕಬೂಲ್!"

"ಮದವಿ ಪಂಕ್ತ್ಯಾಗ ನೀವು ತಿರಗಾಡಬಾರದಂತ್ರಿ."

ಭರಣಿ ಮತ್ತೆ ಹೊರಗೆ ಬಂತು. ಮಂದಾಕಿನಿ ಚಹಾಕ್ಕೆ ಎಸರಿಟ್ಟಳು. ನಾನು ಮೂಲೆಯಲ್ಲಿ ಕುಳಿತು ಮೊದಲ ಸಲ ಅಳಿಲಿನ ಗಡಿಗೆಯ ಮುಚ್ಚಳ ತೆರೆದೆ. ಎಲ್ಲಕ್ಕಿಂತ ಮೇಲೆ ಅದೇ ಅಂಗೈ. ಕೆಳಗೆ 'ಚಾಲು'. ಅದರ ಕೆಳಗೆ 'ಸಾಕು'. ಪಕ್ಕದಲ್ಲಿ ಅಳಿಲು ಸಣ್ಣಕ್ಷರದಲ್ಲಿ ಬರೆದಿತ್ತು: 'ಈ ಪದವನ್ನು ನಿಮಗೆ ನೂರಾ ಎಪ್ಪತ್ನಾಲ್ಕು ಸಲ ತೋರಿಸಲಾಗಿದೆ.'

ಸಂಜೆ ಮಾನಸಿ, ಸೂರಿಬಾಬು ಬಂದರು. ಸುದ್ದಿ ಕೇಳಿ ಮಗಳು ನನ್ನನ್ನು ಅಪ್ಪಿಕೊಂಡಳು. ನನಗೆ ಉತ್ಸಾಹ ಉಕ್ಕಿತು. ಈ ಶುಭ ಗಳಿಗೆಯಲ್ಲಿ ಹೆಣ್ಣಿನ ತಂದೆ ನಾಲ್ಕು ಮಾತು ತೆಲುಗಿನಲ್ಲಿ ಆಡದಿದ್ದರೆ ಹೇಗೆ? ಎದ್ದು ನಿಂತೆ.

"ಅಮ್ಮಮ್ಮಗಾರು!" ಎಂದು ಶುರುಮಾಡಿದೆ.

ಅಮ್ಮಮ್ಮ ಅಂಗೈ ಎತ್ತಿದರು. ಅಚ್ಚ ಕನ್ನಡದಲ್ಲಿ, ಒಂದೇ ಊಟದಲ್ಲಿ ಕಲಿತ ಒಂದೇ ಪದ: "ಸಾಕು!"

ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದ ಮಂದಾಕಿನಿ, ಅಚ್ಚ ತೆಲುಗಿನಲ್ಲಿ: "ಚಾಲು!"

ತೊಂಬತ್ತು ದಿನದಲ್ಲಿ ಮೊದಲ ಸಲ ನನಗೆ ನೂರಕ್ಕೆ ನೂರು ಅರ್ಥವಾಯಿತು. ಕೂತೆ.