ಟೋಕನ್ ಅಮ್ಮ ಟವರ್ ಹತ್ತಿದ್ದು

ಎಲ್ಲದಕ್ಕೂ ಮೂಲ, ತರಕಾರಿ ಗಾಡಿಯ ಮುಂದೆ ರೇಡಿಯೋ ಆಂಟಿಗೆ ಸಿಕ್ಕ ಒಂಬತ್ತನೇ ನಂಬರು.

ರೇಡಿಯೋ ಆಂಟಿ ಅಂದರೆ ಕೆಳಗಿನ ಮನೆಯವರು. ಬೆಳಿಗ್ಗೆ ಬಾಗಿಲು ತೆಗೆದರೆ ರಾತ್ರಿ ಬಾಗಿಲು ಹಾಕುವವರೆಗೆ ಪ್ರಸಾರ ನಿಲ್ಲಿಸದವರು. ಅವರು ಟೋಕನ್ ಅಮ್ಮನ ಮಗಳನ್ನು ಮೆಟ್ಟಿಲ ಮೇಲೆ ಅಡ್ಡಗಟ್ಟಿದರು.

"ಗಾಡಿ ನಿಲ್ಲೋದು ನನ್ನ ಬಾಗಿಲಲ್ಲಿ, ನನಗೆ ಒಂಬತ್ತನೇ ನಂಬರು. ನಿಮ್ಮಮ್ಮ ರಿಟೈರ್ ಆಗಿ ಒಂದು ತಿಂಗಳಾಯ್ತು ನೋಡು, ಅವತ್ತಿಂದ ಈ ಬಿಲ್ಡಿಂಗಲ್ಲಿ ಯಾರೂ ನಂಬರಿಲ್ಲದೆ ಒಂದು ಟೊಮೇಟೊ ಮುಟ್ಟಿಲ್ಲ. ಒಂದು ದಿನ ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬಾರೇ, ನಿನಗೆ ಪುಣ್ಯ ಬರುತ್ತೆ."

ಮಗಳು ತಲೆಯಾಡಿಸಿದಳು. ಅವಳು ಎಲ್ಲದಕ್ಕೂ ತಲೆಯಾಡಿಸುವವಳೇ. ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಪುಸ್ತಕಗಳ ಬೆನ್ನಿಗೆ ಚೀಟಿ ಅಂಟಿಸುವ ಕೆಲಸವನ್ನು ಅವಳು ಬಯಸಿ ಪಡೆದಿದ್ದು, ಪುಸ್ತಕಗಳು ಮಾತಾಡಿಸುವುದಿಲ್ಲ ಅನ್ನುವ ಒಂದೇ ಕಾರಣಕ್ಕೆ. ಬಸ್ಸಿನಲ್ಲಿ "ಇಳೀಬೇಕು" ಅನ್ನಲು ನಾಲಿಗೆ ಹೊರಳದೆ ಎರಡು ಸ್ಟಾಪ್ ಮುಂದೆ ಇಳಿದು ವಾಪಸ್ ನಡೆದು ಬರುತ್ತಿದ್ದಳು. ಹೀಗೆ ನಡೆದೂ ನಡೆದೂ ಅವಳ ಕಾಲು ಓಟಗಾರರ ಕಾಲಿನಂತಾಗಿತ್ತು.

ಅಮ್ಮ ಅದಕ್ಕೆ ತದ್ವಿರುದ್ಧ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಟೋಕನ್ ಕೌಂಟರಿನಲ್ಲಿ ಕೂತವಳು. ಊಟದ ತಟ್ಟೆಯಷ್ಟು ಅಗಲದ ಕಿಂಡಿ, ಆ ಕಿಂಡಿಯಾಚೆ ಕೆಮ್ಮುವ ಒಂದು ಮುಖ, ಮುಖದಾಚೆ ಹಸಿರು ಬಣ್ಣದ ಗೋಡೆ. ಇಷ್ಟೇ ಅವಳು ಕಂಡ ಊರು. ಜನ ಪ್ರೀತಿಯಿಂದಲೋ ಭಯದಿಂದಲೋ 'ಟೋಕನ್ ಅಮ್ಮ' ಅನ್ನುತ್ತಿದ್ದರು. ಬಸ್ಸಿನ ಕಿಟಕಿಯಿಂದ ಪ್ರತಿದಿನ ಊರಿನ ನಡುವಿನ ವೀಕ್ಷಣಾ ಟವರಿನ ತುದಿ ಕಾಣುತ್ತಿತ್ತು. "ಅಲ್ಲಿಂದ ನೋಡಿದ್ರೆ ಈ ಊರು ಹೇಗೆ ಕಾಣುತ್ತೋ ಏನೋ," ಅಂತ ಅಮ್ಮ ಒಂದೇ ಒಂದು ಸಲ ಅಂದಿದ್ದಳು. ಮಗಳು ಆಗ ಆರನೇ ಕ್ಲಾಸು. ಅಮ್ಮ ಆ ಮಾತು ಮರೆತಳು, ಮಗಳು ಮರೆಯಲಿಲ್ಲ.

ಹಾಗಾಗಿ ಬೇಸಿಗೆಯ ಒಂದು ಶನಿವಾರ ಮಗಳು ರಜೆ ಹಾಕಿ, ಕೊಡೆ, ನೀರು, ಬ್ರೆಡ್ಡು ಚೀಲಕ್ಕೆ ತುಂಬಿ, ಅಮ್ಮನಿಂದ ಮಾತು ತಗೊಂಡಳು.

"ಇವತ್ತು ಯಾರಿಗೂ ನಂಬರ್ ಕೊಡೋ ಹಾಗಿಲ್ಲ."

"ನನಗೇನು ಹುಚ್ಚಾ?" ಅಂದಳು ಅಮ್ಮ. ಹೇಳಿ, ಪೆನ್ನನ್ನು ಚೀಲಕ್ಕೆ ಹಾಕಿಕೊಂಡಳು.

ಆ ಮಾತು ಬಸ್ ಸ್ಟಾಪಿನವರೆಗೆ ಉಳಿಯಿತು. ಅಲ್ಲಿ ಜನ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮುತ್ತಿದ್ದರು. ಅಮ್ಮ ಎರಡು ನಿಮಿಷ ಕಣ್ಣು ಮುಚ್ಚಿ ನಿಂತಳು, ಮೂರನೇ ನಿಮಿಷಕ್ಕೆ ಕಣ್ಣು ತೆರೆದಳು. "ಆ ಅಜ್ಜಿ ಮೊದಲು ಬಂದಿದ್ದು. ನೀವು ಚೆಕ್ಸ್ ಶರ್ಟ್, ಹಿಂದೆ ಬನ್ನಿ. ಮಗು ಎತ್ಕೊಂಡಿರೋರು ಮುಂದೆ." ಬಸ್ಸು ಬರುವಷ್ಟರಲ್ಲಿ ಸಾಲು ದಾರದಲ್ಲಿ ಪೋಣಿಸಿದಂತಿತ್ತು. ಎಲ್ಲರೂ ಸುಖವಾಗಿ ಹತ್ತಿದರು. ಸಾಲು ಮಾಡಿದವಳು ಮುಂದೆ ನಿಂತರೆ ನ್ಯಾಯವಲ್ಲ ಅಂತ ಅಮ್ಮ ಮಗಳನ್ನೂ ಎಳೆದುಕೊಂಡು ಕೊನೆಗೆ ನಿಂತಿದ್ದಳು. ಬಸ್ಸು ತುಂಬಿತು, ಹೋಯಿತು.

"ನಮ್ಮ ಬಸ್ಸು ಹೋಯ್ತಮ್ಮ."

"ಎಷ್ಟು ನೀಟಾಗಿ ಹೋಯ್ತು ನೋಡಿದೆಯಾ," ಅಂದಳು ಅಮ್ಮ.

ಮ್ಯೂಸಿಯಮ್ಮಿನಲ್ಲಿ ಚೀಲ ಇಡುವ ಕಡೆ ಹೀಗೇ ಆಯಿತು. ಐಸ್‌ಕ್ರೀಮ್ ಅಂಗಡಿಯಲ್ಲಿ ಅಮ್ಮ ನಲವತ್ತು ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದಳು. ತಮ್ಮ ಸರದಿ ಬಂದಾಗ ಡಬ್ಬಿಯಲ್ಲಿ ಚಮಚದ ಸದ್ದು ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಮಗಳು ಬ್ರೆಡ್ಡು ಕಚ್ಚುತ್ತಾ ಟವರಿನ ತುದಿ ನೋಡಿದಳು. ಉಳಿದಿದ್ದೆಲ್ಲ ಹೋಗಲಿ, ಅದೊಂದು ತಪ್ಪಬಾರದು.

ಟವರಿನ ಬುಡಕ್ಕೆ ಬಂದಾಗ ನಾಲ್ಕು ಮುಕ್ಕಾಲು. ಶಾಲೆಗಳಿಗೆ ರಜೆ, ಊರಿಗೆ ಊರೇ ಅಲ್ಲಿತ್ತು. ಲಿಫ್ಟು ಒಂದೇ. ಮೆಟ್ಟಿಲಿಗೆ ಬಣ್ಣ ಹೊಡೆಯುತ್ತಿದ್ದರಿಂದ ಬೀಗ. ಆರಕ್ಕೆ ಬಂದ್ ಅಂತ ಬೋರ್ಡು. ಲಿಫ್ಟಿನ ಬಾಗಿಲ ಮುಂದೆ ಜನ, ಅದುಮಿ ತುಂಬಿದ ಹತ್ತಿಯ ಮೂಟೆಯಂತೆ. ಒಳಗೆ ಹೋದ ಒಬ್ಬರು ಜೋಳಿಗೆ ಕಳೆದುಕೊಂಡು ಹೊರಗೆ ಬಂದರು, ಇನ್ನೊಬ್ಬರು ಬೇರೆಯವರ ಮಗುವಿನ ಕೈ ಹಿಡಿದುಕೊಂಡು ಬಂದರು.

ಮಗಳು ಅಮ್ಮನ ಮೊಣಕೈ ಗಟ್ಟಿಯಾಗಿ ಹಿಡಿದಳು. "ಅಮ್ಮ, ಬೇಡ. ನಾವೂ ನುಗ್ಗೋಣ. ಒಂದೇ ಒಂದ್ಸಲ ನುಗ್ಗೋಣ."

ಅಮ್ಮ ಅವಳನ್ನು ನೋಡಿದ ರೀತಿ ಹೇಗಿತ್ತೆಂದರೆ, ಮಗಳು ಬ್ಯಾಂಕು ಲೂಟಿ ಮಾಡೋಣ ಅಂದಿದ್ದಳೇನೋ ಅನ್ನಿಸುವಂತಿತ್ತು. ಮುಂದಿನ ಕ್ಷಣದಲ್ಲಿ ಅಮ್ಮ ಕಲ್ಲುಬೆಂಚಿನ ಮೇಲೆ ಹತ್ತಿ ನಿಂತಿದ್ದಳು. "ಎಲ್ಲರೂ ಟಿಕೆಟ್ ಕೈಯಲ್ಲಿ ಹಿಡ್ಕೊಳ್ಳಿ. ಟಿಕೆಟ್ ಹಿಂದೆ ನಂಬರ್ ಬರೀತೀನಿ. ನಂಬರ್ ಕರೆದೋರು ಮಾತ್ರ ಬಾಗಿಲ ಹತ್ರ. ಉಳಿದೋರು ನೆರಳಲ್ಲಿ ಕೂತ್ಕೊಳ್ಳಿ."

ಮೂವತ್ತೊಂದು ವರ್ಷ ಕಾಯಿಲೆಯವರನ್ನು ಸುಮ್ಮನಾಗಿಸಿದ ದನಿ ಅದು. ಆರೋಗ್ಯವಂತರು ಯಾವ ಲೆಕ್ಕ? ಜನ ನೆರಳಿಗೆ ಹೋಗಿ ಕೂತರು.

ಗಲಾಟೆ ನಿಂತದ್ದು ಕೇಳಿ ಟವರಿನ ಮೇಲ್ವಿಚಾರಕರು ಗಾಬರಿಯಿಂದ ಓಡಿ ಬಂದರು. ಅವರ ಸರ್ವಿಸಿನಲ್ಲಿ ಅಲ್ಲಿ ಸದ್ದು ನಿಂತದ್ದು ಅದೇ ಮೊದಲು.

"ಯಾರಮ್ಮ ನೀವು? ಯಾರ ಪರ್ಮಿಷನ್ ಮೇಲೆ..."

"ನಿಮ್ಮ ಲಿಫ್ಟು ಒಂದು ಸಲ ಹೋಗಿ ಬರೋಕೆ ಕಾಲು ಗಂಟೆ ಯಾಕ್ರೀ?" ಅಂತ ಅಮ್ಮ ತಿರುಗಿ ಕೇಳಿದಳು.

"ಮೇಲಿರೋರು ನೋಡಿ ಮುಗಿಸೋ ತನಕ ಕಾದು, ಅವರನ್ನ ಕರ್ಕೊಂಡು ಇಳೀತಾನೆ."

"ನೋಡೋರು ಆರಾಮಾಗಿ ನೋಡ್ಲಿ. ಅವರನ್ನ ಯಾಕೆ ಅವಸರ ಮಾಡ್ತೀರಿ? ಮೊದಲು ಕೆಳಗಿರೋರು ಮೇಲೆ ಹೋಗ್ಲಿ. ಲಿಫ್ಟು ತುಂಬ್ಕೊಂಡು ಹೋಗ್ಬೇಕು, ಖಾಲಿ ಬರ್ಬೇಕು. ಐದೇ ನಿಮಿಷ."

ಮೇಲ್ವಿಚಾರಕರು ಬಾಯಿ ತೆರೆದರು. ಅಮ್ಮ ಅವರ ಕೈಗೆ ಕೊಡೆ ಕೊಟ್ಟು, "ಆ ಗರ್ಭಿಣಿಗೆ ಹಿಡೀರಿ" ಅಂದಳು. ಅವರು ಹೋಗಿ ಹಿಡಿದರು.

ಆಗಲೇ ಮೇಲಿದ್ದ ನಾಲ್ಕಾರು ಜನ ಇಳಿದು ಬಂದ ಮೇಲೆ, ಐದು ಗಂಟೆಗೆ ಸರಿಯಾಗಿ ಮೊದಲ ಹತ್ತು ಜನ ಹೋದರು. ಒಟ್ಟು ನೂರಿಪ್ಪತ್ತು ಮಂದಿ. ಅವರ ನಂತರ ಅಮ್ಮ ತನಗೂ ಮಗಳಿಗೂ ನೂರಿಪ್ಪತ್ತೊಂದು, ನೂರಿಪ್ಪತ್ತೆರಡು ಬರೆದುಕೊಂಡಳು.

ನಲವತ್ತನೇ ನಂಬರಿಗೆ ಅಮ್ಮನ ಗಂಟಲು ಕಟ್ಟಿತು. "ನೀನು ಕರಿಯೇ," ಅಂತ ಮಗಳನ್ನು ಬೆಂಚಿಗೆ ಎಳೆದು ಹತ್ತಿಸಿದಳು.

ಮಗಳ ಮೊದಲ "ನಲವತ್ತೊಂದು" ಅವಳ ಕೊರಳಪಟ್ಟಿಯನ್ನೂ ದಾಟಲಿಲ್ಲ. ಎರಡನೆಯದು ಮುಂದಿನ ಸಾಲಿಗೆ ಮುಟ್ಟಿತು. ಯಾರೋ ಹಿಂದಿನಿಂದ "ಕೇಳಿಸ್ತಿಲ್ಲ ಮೇಡಂ" ಅಂದರು. ಜೀವಮಾನದಲ್ಲಿ ಅವಳನ್ನು ಯಾರೂ ಮೇಡಂ ಅಂದಿರಲಿಲ್ಲ. "ನಲವತ್ಮೂರು," ಅಂದಳು. ಮರದ ಮೇಲಿದ್ದ ಎರಡು ಪಾರಿವಾಳ ಹಾರಿಹೋದವು. ಎಂಬತ್ತಕ್ಕೆ ಬರುವಷ್ಟರಲ್ಲಿ ಅವಳು ಒಂದು ಕೈ ಸೊಂಟದ ಮೇಲಿಟ್ಟಿದ್ದಳು. ತೊಂಬತ್ತಾರನೆಯವರು ಎಂಬತ್ತೆಂಟರಲ್ಲಿ ನುಸುಳಲು ನೋಡಿದಾಗ, "ಎಂಬತ್ತೆಂಟು ಅಂದ್ರೆ ನಿಮ್ಮ ಮನೇಲಿ ತೊಂಬತ್ತಾರಾ ಸಾರ್?" ಅಂತ ಕೇಳಿಬಿಟ್ಟಳು. ಕೇಳಿದ ಮೇಲೆ ಯಾರು ಕೇಳಿದ್ದು ಅಂತ ಹಿಂತಿರುಗಿ ನೋಡಿದಳು.

ಲಿಫ್ಟಿನವನು ನಡುವೆ ಒಂದು ಸಲ, "ಅಮ್ಮಾವ್ರೇ, ಮೇಲೆ ಸ್ವಲ್ಪ..." ಅಂತ ಶುರುಮಾಡಿದ.

"ಮಾತು ಆಮೇಲೆ. ಬಾಗಿಲು ಹಾಕು," ಅಂದಳು ಅಮ್ಮ.

ಕೊನೆಯ ಹತ್ತು ಜನ ಹೋಗಿ ಲಿಫ್ಟು ಖಾಲಿ ಬಂದಾಗ ಗಡಿಯಾರದಲ್ಲಿ ಆರು. ಅಂಗಳದಲ್ಲಿ ಉಳಿದದ್ದು ತಾಯಿ, ಮಗಳು, ಕೊಡೆ ಹಿಡಿದ ಮೇಲ್ವಿಚಾರಕರು. ಅವರು ಕಣ್ಣು ತೇವ ಮಾಡಿಕೊಂಡು, "ಇಂಥ ಕೆಲಸ ನಾನು ನೋಡೇ ಇಲ್ಲ ಅಮ್ಮಾವ್ರೇ," ಅಂತ ಕೈಮುಗಿದು, ಅದೇ ಕೈಯಲ್ಲಿ ಶಟರ್ ಎಳೆಯತೊಡಗಿದರು. "ಆರಾಯ್ತು. ಇನ್ನು ಹತ್ತಿಸೋ ಹಾಗಿಲ್ಲ, ರೂಲ್ಸು."

"ರೂಲ್ಸ್ ಅಂದ್ರೆ ರೂಲ್ಸೇ," ಅಂದಳು ಅಮ್ಮ. ಅವಳ ಮುಖದಲ್ಲಿ ಬೇಸರವೂ ಇರಲಿಲ್ಲ. ಅದನ್ನು ನೋಡಿಯೇ ಮಗಳ ಎದೆಯಲ್ಲಿ ಏನೋ ಕುಕ್ಕರಿನಂತೆ ಕೂಗಿತು.

"ಶಟರ್ ಬಿಡಿ ಸಾರ್," ಅಂದಳು. "ಹನ್ನೆರಡು ಗಂಟೆಯೊಳಗೆ ಸಾಲಿಗೆ ಬಂದೋರನ್ನ ನೋಡದೆ ನಮ್ಮಮ್ಮ ಒಬ್ಬ ಡಾಕ್ಟರನ್ನೂ ಊಟಕ್ಕೆ ಏಳೋಕೆ ಬಿಟ್ಟಿಲ್ಲ. ಮೂವತ್ತೊಂದು ವರ್ಷ. ನಾವು ಸಾಲಿಗೆ ಬಂದಿದ್ದು ನಾಲ್ಕು ಮುಕ್ಕಾಲಿಗೆ. ನಂಬರ್ ಇದೆ ನೋಡಿ. ನೀವು ಬೇಕಾದ್ರೆ ಊಟಕ್ಕೆ ಹೋಗಿ, ನಾವು ಮೇಲೆ ಹೋಗ್ತೀವಿ."

ಶಟರ್ ತಾನಾಗಿಯೇ ಮೇಲೆ ಹೋದಂತೆ ಹೋಯಿತು.

"ನಿನ್ನ ಲೈಬ್ರರಿಯವರು ನಿನ್ನನ್ನ ಹಿಂದಿನ ಕೋಣೇಲಿ ಯಾಕೆ ಕೂರ್ಸಿದ್ದಾರೆ?" ಅಂತ ಅಮ್ಮ ಲಿಫ್ಟಿನೊಳಗೆ ಮೆಲ್ಲಗೆ ಕೇಳಿದಳು. ಮಗಳಿಗೆ ಲಿಫ್ಟು ಇಲ್ಲದೆಯೂ ತಾನು ಮೇಲಕ್ಕೆ ಹೋಗುತ್ತಿದ್ದೇನೆ ಅನ್ನಿಸುತ್ತಿತ್ತು.

ಬಾಗಿಲು ತೆರೆಯಿತು. ಊರು ಕಾಣಲಿಲ್ಲ. ಕಂಡದ್ದು ನೂರಿಪ್ಪತ್ತು ಸಿಟ್ಟಾದ ಮುಖಗಳು.

"ಒಂದು ಗಂಟೆಯಿಂದ ಇಳಿಸು ಅಂತಿದೀವಿ, ಇವನು ಕೇಳ್ತಿಲ್ಲ," ಅಂದರು ಒಂದನೇ ನಂಬರಿನವರು. "ಮಗೂಗೆ ಹಸಿವು," ಅಂದಳು ಇನ್ನೊಬ್ಬಳು. ತೊಂಬತ್ತಾರು ಮಗಳನ್ನೇ ದುರುಗುಟ್ಟಿ ನೋಡಿದ.

ಲಿಫ್ಟಿನವನು ಮೆಲ್ಲಗೆ ಬೆರಳು ತೋರಿಸಿದ. "ಖಾಲಿ ಬರ್ಬೇಕು ಅಂದಿದ್ದು ಇವರು. ನಾನು ಹೇಳೋಕೆ ಬಂದೆ, ಮಾತು ಆಮೇಲೆ ಅಂದ್ರು."

ಹತ್ತಿಸುವ ಭರದಲ್ಲಿ ಇಳಿಸುವುದು ಅನ್ನುವುದೊಂದಿದೆ ಎಂದು ಯಾರಿಗೂ ಹೊಳೆದಿರಲಿಲ್ಲ. ಆಸ್ಪತ್ರೆಯಲ್ಲಿ ಒಳಗೆ ಬಿಡುವುದಷ್ಟೇ ಅಮ್ಮನ ಕೆಲಸ, ಹೊರಗೆ ಕಳಿಸುವುದು ಡಾಕ್ಟರರ ತಲೆನೋವು. ಮೂವತ್ತೊಂದು ವರ್ಷದಲ್ಲಿ ಮೊದಲ ಬಾರಿಗೆ ಅಮ್ಮ ಒಂದು ಹೆಜ್ಜೆ ಹಿಂದೆ ಇಟ್ಟಳು.

ಮುಂದೆ ಬಂದದ್ದು ಮಗಳು. "ಟಿಕೆಟ್ ಎಲ್ಲರ ಹತ್ರ ಇದೆಯಲ್ಲ? ಅದೇ ನಂಬರಲ್ಲಿ ಇಳಿಯೋದು. ಒಂದರಿಂದ ಹತ್ತು ಬನ್ನಿ. ಹಸಿದಿರೋ ಮಗು ಇಲ್ಲಿ, ಬ್ರೆಡ್ಡಿದೆ. ಉಳಿದೋರು ಕಂಬಿ ಹಿಡ್ಕೊಂಡು ಸಾಲಾಗಿ ನಿಲ್ಲಿ. ಇನ್ನೊಂದ್ಸಲ ಊರು ನೋಡಿ, ಕಾಸು ಕೇಳಲ್ಲ."

ಯಾರೋ ನಕ್ಕರು. ನಗು ಸಾಲಿನುದ್ದಕ್ಕೂ ಹಬ್ಬಿತು. ಹತ್ತು ಹತ್ತು ಜನ ಇಳಿದರು. ತೊಂಬತ್ತಾರು ಕೂಡ ಹೋಗುವಾಗ, "ಥ್ಯಾಂಕ್ಸ್ ಮೇಡಂ," ಅಂದ. ಅಮ್ಮ ಗೋಡೆಗೊರಗಿ, ಮಗಳು ನಂಬರು ಕರೆಯುವುದನ್ನು, ಬೇರೆಯವರ ಮಗು ಕುಣಿಯುವುದನ್ನು ನೋಡುವಂತೆ ಬಾಯಿ ಬಿಟ್ಟು ನೋಡುತ್ತಿದ್ದಳು.

ಹನ್ನೆರಡನೇ ಸಲಕ್ಕೆ ನೂರಿಪ್ಪತ್ತನೆಯವರೂ ಇಳಿದರು. ಮೇಲೆ ಉಳಿದದ್ದು ನೂರಿಪ್ಪತ್ತೊಂದು, ನೂರಿಪ್ಪತ್ತೆರಡು. ಲಿಫ್ಟು ವಾಪಸ್ ಬರಲು ಐದು ನಿಮಿಷ. ಅಷ್ಟು ಹೊತ್ತು ಇಡೀ ಟವರು ಅವರದು.

ಮಗಳು ಅಮ್ಮನ ಎರಡೂ ಭುಜ ಹಿಡಿದು ಕಂಬಿಯ ಕಡೆಗೆ ತಿರುಗಿಸಿದಳು. ಬೇಸಿಗೆಯ ಬಿಸಿಲು ಆರಿ, ದೀಪ ಹತ್ತಿ, ಊರೆಲ್ಲ ಜೇನಿನ ಬಣ್ಣವಾಗಿತ್ತು. ಮನೆಗಳು ಬೆಂಕಿಪೊಟ್ಟಣದಷ್ಟು, ಬಸ್ಸುಗಳು ಕೀ ಕೊಟ್ಟು ಬಿಟ್ಟ ಆಟಿಕೆಗಳು. ಅಮ್ಮ ಕಂಬಿ ಹಿಡಿದು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು. ಆಮೇಲೆ ದೂರಕ್ಕೆ ಕೈ ಮಾಡಿ, "ಅದು ನಮ್ಮ ಆಸ್ಪತ್ರೆ ಅಲ್ಲವೇನೇ? ನನ್ನ ಹಸಿರು ಗೋಡೆ ಹಿಂದೆ ಇಷ್ಟೆಲ್ಲ ಇತ್ತಾ," ಅಂದಳು. ಅವಳ ದನಿ ಮಗಳಿಗೆ ಗುರುತೇ ಸಿಗದಷ್ಟು ಮೆತ್ತಗಿತ್ತು. "ಊರು ತನ್ನ ಪಾಡಿಗೆ ತಾನು ನಡೀಲಿ ಬಿಡು. ನನ್ನ ಪಾಲಿಂದು ಆಯ್ತು. ನಾಳೆಯಿಂದ ಯಾರಿಗೂ ನಂಬರ್ ಕೊಡಲ್ಲ. ಸುಮ್ಮನೆ ಹೀಗೆ ನೋಡ್ತಾ ಕೂತ್ಕೊಳ್ತೀನಿ."

ಮಗಳು ಗೆದ್ದಿದ್ದಳು. ಈ ಮಾತಿಗಾಗಿಯೇ ಅವಳು ಆರನೇ ಕ್ಲಾಸಿನಿಂದ ಕಾದದ್ದು. ಅಮ್ಮನ ಪಕ್ಕದಲ್ಲಿ ಕಂಬಿಗೆ ಗಲ್ಲ ಊರಿ ಅವಳೂ ಕೆಳಗೆ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಹುಬ್ಬು ಗಂಟಾಯಿತು. ಒಂದು ಕೈ ತಾನಾಗಿ ಸೊಂಟಕ್ಕೆ ಹೋಯಿತು.

"ಅಮ್ಮ, ಅಲ್ಲಿ ಗೇಟಿನ ಹತ್ರ ನೋಡು," ಅಂದಳು. "ಈಗ ತಾನೇ ಅಷ್ಟು ನೀಟಾಗಿ ಇಳಿಸಿದೀವಿ, ಆಟೋಗೆ ಹೇಗೆ ಮುತ್ಕೊಂಡಿದ್ದಾರೆ ನೋಡು. ಸಾಲೂ ಇಲ್ಲ, ಏನೂ ಇಲ್ಲ."

"ಎಲ್ಲಿ?" ಅಂದಳು ಅಮ್ಮ.

ಅಷ್ಟರಲ್ಲಿ ಲಿಫ್ಟು ಬಂತು. ಊರನ್ನು ಅಲ್ಲಿಯೇ ಬಿಟ್ಟು, ಅಮ್ಮ ಮಗಳ ಹಿಂದೆ ಓಡಿದಳು, ಚೀಲದಲ್ಲಿ ಪೆನ್ನು ಹುಡುಕುತ್ತಾ.